ಮುರಿದ ಸ್ಟಡ್‌ಗೆ ಈಸಿ ಔಟ್ ಹಾಕಿಸುವ ಮೊದಲು ಇದನ್ನು ಓದಿ

ಹಳೆ ಕಾರಿನ ಎಂಜಿನ್‌ನಲ್ಲಿ ಬೋಲ್ಟ್ ಅಥವಾ ಸ್ಟಡ್ (ತಲೆಯಿಲ್ಲದ, ನಟ್ಟು ಕೂರುವ ಬೋಲ್ಟ್) ಮುರಿದಾಗ "ಈಸಿ ಔಟ್ ಹಾಕಿ ತೆಗೀತೀನಿ, ಐದು ನಿಮಿಷದ ಕೆಲಸ" ಅಂತ ಯಾರಾದರೂ ಅಂದರೆ, ದಯವಿಟ್ಟು ಅಲ್ಲೇ ನಿಲ್ಲಿಸಿ. ಈಸಿ ಔಟ್ ಅಂದರೆ ಮುರಿದ ತುಂಡಿಗೆ ತೂತು ಮಾಡಿ, ಅದರೊಳಗೆ ಕೂರಿಸಿ ಉಲ್ಟಾ ತಿರುಗಿಸಿ ತೆಗೆಯುವ ಉಕ್ಕಿನ ಕಡ್ಡಿ. ನನ್ನ ಎಂಜಿನ್ ಹಾಳಾಗಿದ್ದು ಆ ಐದು ನಿಮಿಷದಲ್ಲೇ.

ಎಕ್ಸಾಸ್ಟ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ (ಎಂಜಿನ್ನಿನ ಹೊಗೆ ಹೊರಗೊಯ್ಯುವ ಕೊಳವೆಯ ಜೋಡಣೆಯಲ್ಲಿರುವ ಸೀಲ್) ಹೋಗಿತ್ತು. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಟಿಕ್ ಟಿಕ್ ಸದ್ದು, ಬಿಸಿಯಾದ ಮೇಲೆ ಕಡಿಮೆ. ಚಿಕ್ಕ ಕೆಲಸ ಅಲ್ವಾ? ಗ್ಯಾರೇಜಿನವರು ನಟ್ಟುಗಳಿಗೆ ಎಣ್ಣೆ ಹೊಡೆದು, ಅದು ಒಳಗೆ ಇಳಿಯೋಕೂ ಬಿಡದೆ, ಸ್ಪ್ಯಾನರ್‌ಗೆ ಉದ್ದದ ಪೈಪ್ ಸಿಕ್ಕಿಸಿ ಎಳೆದರು. ಕೊನೆಯ ಸಿಲಿಂಡರ್ ಹತ್ತಿರದ ಸ್ಟಡ್ ಹೆಡ್ಡಿನ (ಸಿಲಿಂಡರ್‌ಗಳ ಮೇಲೆ ಕೂರುವ ಅಲ್ಯುಮಿನಿಯಮ್ ಭಾಗ) ಮಟ್ಟಕ್ಕೇ ಮುರಿಯಿತು. ಅದಕ್ಕೆ ನನ್ನ ತಕರಾರಿಲ್ಲ, ವರ್ಷಗಟ್ಟಲೆ ಕಾದು ತಣಿದು ತುಕ್ಕು ಹಿಡಿದ ಸ್ಟಡ್ ಯಾರ ಕೈಯಲ್ಲಾದರೂ ಮುರಿಯುತ್ತದೆ. ಅನಾಹುತ ಆಗಿದ್ದು ಆಮೇಲೆ. ಬಿಟ್ ಜಾರದಂತೆ ಮಧ್ಯದಲ್ಲಿ ಗುಳಿ ಮಾಡುವ ಸೆಂಟರ್ ಪಂಚ್ ಕೂಡ ಹೊಡೆಯದೆ ಕೈ ಡ್ರಿಲ್‌ನಲ್ಲಿ ಸೊಟ್ಟಗೆ ತೂತು ಮಾಡಿದರು, ಈಸಿ ಔಟ್ ಬಡಿದು ಕೂರಿಸಿದರು, ತಿರುಗಿಸಿದರು. ಅದೂ ಒಳಗೇ ಮುರಿದು ಕೂತಿತು.

ಇಲ್ಲಿಂದ ಮುಂದೆ ಸಾಮಾನ್ಯ ಡ್ರಿಲ್ ಬಿಟ್‌ಗೆ ಕೆಲಸವೇ ಇಲ್ಲ. ಈಸಿ ಔಟ್ ತುಂಬಾ ಗಟ್ಟಿ ಉಕ್ಕು, ಬಿಟ್ ಅದರ ಮೇಲೆ ಜಾರಿ ಪಕ್ಕದ ಮೆತ್ತಗಿನ ಅಲ್ಯುಮಿನಿಯಮ್ಮನ್ನೇ ಕೊರೆಯುತ್ತದೆ. ನನ್ನದರಲ್ಲೂ ಹಾಗೇ ಆಯಿತು. ಕೊನೆಗೆ ಹೆಡ್ ಇಳಿಸಿ, ಕರೆಂಟಿನ ಕಿಡಿಯಿಂದ ಲೋಹ ಕರಗಿಸಿ ತೆಗೆಯುವ ಯಂತ್ರ ಇರುವ ವರ್ಕ್‌ಶಾಪಿಗೆ ಕಳಿಸಬೇಕಾಯಿತು. ತೂತು ಕೆಟ್ಟಿದ್ದರಿಂದ ಹೆಲಿಕಾಯಿಲ್ (ಸ್ಪ್ರಿಂಗಿನಂಥ ಥ್ರೆಡ್ ಸುರುಳಿ) ಹಾಕಿ ಹೊಸ ಥ್ರೆಡ್ ಮಾಡಿಸಿದ್ದಾಯಿತು. ಹೆಡ್ ಇಳಿಸಿದ ಮೇಲೆ ಗೊತ್ತಲ್ಲ, ಹೆಡ್ ಗ್ಯಾಸ್ಕೆಟ್ ಹೊಸದು, ಹೆಡ್ ಬೋಲ್ಟ್ ಹೊಸದು, ಟೈಮಿಂಗ್ (ವಾಲ್ವ್‌ಗಳು ತೆರೆದು ಮುಚ್ಚುವ ಹೊತ್ತಿನ ಹೊಂದಾಣಿಕೆ) ಮತ್ತೆ ಕೂರಿಸಬೇಕು.

ಸ್ವಲ್ಪ ಯೋಚನೆ ಮಾಡಿ. ಇಡೀ ನಟ್ಟು ಹಿಡಿದು ಎಳೆದಾಗಲೇ ಬರದೆ ಮುರಿದ ಸ್ಟಡ್, ಅದರೊಳಗೆ ತೂರಿಸಿದ ತೆಳು ಕಡ್ಡಿಗೆ ಹೇಗೆ ಬರುತ್ತದೆ? ಮೇಲಾಗಿ ಚೂಪಾದ ಈಸಿ ಔಟ್ ಒಳಗೆ ಹೋದಷ್ಟೂ ಸ್ಟಡ್ಡನ್ನು ಹೊರಕ್ಕೆ ಅಗಲಿಸುತ್ತದೆ, ಅಂದರೆ ಇನ್ನೂ ಜಾಸ್ತಿ ಬಿಗಿ. ತುಕ್ಕಿಲ್ಲದೆ, ಅತಿಯಾಗಿ ಬಿಗಿ ಮಾಡಿ ಮುರಿದ ಬೋಲ್ಟ್‌ಗೆ ಅದು ಸರಿ. ಜಾಮ್ ಆಗಿ ಮುರಿದದ್ದಕ್ಕೆ ಬೇಡವೇ ಬೇಡ.

ಹಾಗಾದರೆ ಏನು ಮಾಡಿಸಬೇಕು? ನಟ್ಟು ಇಟ್ಟು ವೆಲ್ಡ್ ಮಾಡಿಸಿ. ಮುರಿದ ಸ್ಟಡ್ ಮೇಲೆ ವಾಷರ್, ಅದರ ಮೇಲೆ ನಟ್ಟು ಇಟ್ಟು ಮಧ್ಯದ ತೂತಿನಿಂದ ವೆಲ್ಡ್ ತುಂಬುತ್ತಾರೆ. ಉಕ್ಕಿನ ವೆಲ್ಡ್ ಅಲ್ಯುಮಿನಿಯಮ್‌ಗೆ ಹಿಡಿಯಲ್ಲ, ಹಾಗಾಗಿ ಹೆಡ್ಡಿಗೆ ಅಂಟುವ ಭಯ ಕಡಿಮೆ. ವೆಲ್ಡಿನ ಬಿಸಿಗೇ ತುಕ್ಕಿನ ಹಿಡಿತ ಬಿಡುತ್ತದೆ, ತಿರುಗಿಸೋಕೆ ನಟ್ಟೂ ಸಿಗುತ್ತದೆ. ಮೊದಲ ಸಲ ವೆಲ್ಡ್ ಕಿತ್ತು ಬಂದರೆ ಗಾಬರಿ ಬೇಡ, ಮತ್ತೆ ಹಾಕಲಿ, ಪ್ರತಿ ಸಲದ ಬಿಸಿಯೂ ಒಳ್ಳೆಯದೇ. ಬ್ಯಾಟರಿ ವೈರ್ ಮಾತ್ರ ಮೊದಲು ಬಿಚ್ಚಿಸಿ. ಡ್ರಿಲ್ ಮಾಡಲೇಬೇಕಾದರೆ ಮಧ್ಯದಲ್ಲಿ ಪಂಚ್ ಹೊಡೆದು, ಉಲ್ಟಾ ತಿರುಗುವ ಎಡಗೈ ಬಿಟ್ ಬಳಸೋಕೆ ಹೇಳಿ, ಎಷ್ಟೋ ಸಲ ಕೊರೆಯುವಾಗಲೇ ಸ್ಟಡ್ ಬಿಚ್ಚಿಕೊಂಡು ಬರುತ್ತದೆ.

ಇನ್ನೂ ಮುರಿದಿಲ್ಲವಾ? ಹಿಂದಿನ ರಾತ್ರಿಯೇ ತುಕ್ಕಿನ ಸಂದಿಗೆ ಇಳಿಯುವ ಪೆನೆಟ್ರೇಟಿಂಗ್ ಆಯಿಲ್ ಹಾಕಿ ಬಿಡಿ. ಮಾಮೂಲಿ ಡಬ್ಲ್ಯೂಡಿ-40 ಇದಕ್ಕೆ ಅಷ್ಟಕ್ಕಷ್ಟೇ, 1953ರಲ್ಲಿ ಅದನ್ನು ಮಾಡಿದ್ದೇ ನೀರು ಓಡಿಸೋಕೆ. ಆರು ಮೂಲೆಯ ಸಾಕೆಟ್ ಹಾಕಿ, ಮೊದಲು ಚೂರು ಬಿಗಿ ಮಾಡಿ, ಆಮೇಲೆ ಸಡಿಲಿಸಿ, ಹೀಗೆ ಹಿಂದೆ ಮುಂದೆ ಆಡಿಸಬೇಕು. ಗ್ಯಾಸ್ ಟಾರ್ಚಿನ ಬೆಂಕಿ ಹಿಡಿಯುವುದಾದರೆ ಸ್ಟಡ್ ಸುತ್ತಲಿನ ಹೆಡ್ಡಿಗೆ ಹಿಡಿಯಲಿ, ಯಾಕೆಂದರೆ ಅಲ್ಯುಮಿನಿಯಮ್ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ. ಆದರೆ ಅದು ಕೆಂಪಾಗಿ ಸೂಚನೆ ಕೊಡಲ್ಲ, ಶುದ್ಧ ಅಲ್ಯುಮಿನಿಯಮ್ ಕರಗುವ 660 ಡಿಗ್ರಿ ಸೆಲ್ಸಿಯಸ್‌ಗೂ ಮೊದಲೇ ಹೆಡ್ಡಿನ ಮಿಶ್ರಲೋಹ ಸುಮ್ನೆ ಕುಸಿದುಬಿಡುತ್ತದೆ.

ಕೊನೆಯದಾಗಿ, ಮೂಗಿಗೆ ಸಂಬಂಧಪಟ್ಟದ್ದು. ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಹೊಡೆದ ಜಾಗಕ್ಕೆ ಬೆಂಕಿ ಅಥವಾ ವೆಲ್ಡಿಂಗ್ ತಾಗಿಸಬೇಡಿ. ಅದರಿಂದ ಫಾಸ್ಜೀನ್ ಅನ್ನುವ ವಿಷದ ಗಾಳಿ ಹುಟ್ಟುತ್ತದೆ. ಡಬ್ಬಿಯ ಮೇಲಿನ ಅಕ್ಷರ ಎಷ್ಟೇ ಚಿಕ್ಕದಿದ್ದರೂ ಓದಿ.