ಓ-ನೆಟ್ ಮತ್ತು ಎನ್‌ಸಿಒ-2015: ಮುಂಬಯಿಯ ಉಡುಪಿ ಹೋಟೆಲಿಗೆ ಎಷ್ಟರಮಟ್ಟಿಗೆ ಒದಗುತ್ತವೆ?

ಮಾಟುಂಗ, ಫೋರ್ಟ್, ಚೆಂಬೂರು, ಠಾಣೆ, ಎಲ್ಲಿಯ ಉಡುಪಿ ಹೋಟೆಲ್ ಮಾಲಕರನ್ನು ಮಾತಾಡಿಸಿದರೂ ಮೊದಲು ಬರುವ ಮಾತು "ಕೆಲಸಕ್ಕೆ ಜನ ಸಿಗುವುದಿಲ್ಲ" ಎಂಬುದು. ಎಷ್ಟು ಜನ ಬೇಕು ಎಂದು ಕೇಳಿದರೆ ಸಿಗುವ ಉತ್ತರ ಅಂದಾಜಿನದು. ಪ್ರತಿಯೊಬ್ಬನೂ ಏನೇನು ಮಾಡಬೇಕು ಎಂದರೆ "ಅದು ಅವನಿಗೆ ಗೊತ್ತಿದೆ" ಎನ್ನುತ್ತಾರೆ. ಈ ಎರಡು ಪ್ರಶ್ನೆಗಳಿಗೆ ಲೆಕ್ಕದ ಉತ್ತರ ಹುಡುಕುವುದೇ ಕೆಲಸದ ವಿಶ್ಲೇಷಣೆ ಮತ್ತು ಸಿಬ್ಬಂದಿ ಯೋಜನೆ. ಇದಕ್ಕೆ ದುಡ್ಡಿಲ್ಲದೆ ಸಿಗುವ ಸಾಧನಗಳಲ್ಲಿ ಮುಖ್ಯವಾದವು ಎರಡು. ಒಂದು ಅಮೆರಿಕದ ಕಾರ್ಮಿಕ ಇಲಾಖೆಯ ಓ-ನೆಟ್ ಜಾಲತಾಣ. ಇನ್ನೊಂದು ನಮ್ಮ ಕೇಂದ್ರ ಕಾರ್ಮಿಕ ಸಚಿವಾಲಯದ ರಾಷ್ಟ್ರೀಯ ವೃತ್ತಿ ವರ್ಗೀಕರಣ, ಅಂದರೆ ಎನ್‌ಸಿಒ-2015. ಬೆಳಿಗ್ಗೆ 7ರಿಂದ ರಾತ್ರಿ 10.30ರವರೆಗೆ ತೆರೆದಿರುವ, 60 ಸೀಟಿನ ಟಿಫಿನ್ ಹೋಟೆಲನ್ನು ಮನಸ್ಸಿನಲ್ಲಿಟ್ಟುಕೊಂಡು ಎರಡನ್ನೂ ಇಲ್ಲಿ ತೂಗಿ ನೋಡಿದೆ.

ಮೊದಲು ಎನ್‌ಸಿಒ. 1958, 1968, 2004ರ ಆವೃತ್ತಿಗಳ ನಂತರ ಬಂದದ್ದು ಇದು. ಅಂತರರಾಷ್ಟ್ರೀಯ ವರ್ಗೀಕರಣವಾದ ಐಎಸ್‌ಸಿಒ-08ಕ್ಕೆ ಹೊಂದಿಸಿ ಮಾಡಿದ್ದರಿಂದ ಮೊದಲ ನಾಲ್ಕು ಅಂಕಿಗಳು ವೃತ್ತಿಯ ಕುಟುಂಬವನ್ನು ಹೇಳುತ್ತವೆ, ಮುಂದಿನ ನಾಲ್ಕು ಆ ಕುಟುಂಬದೊಳಗಿನ ಒಂದು ವೃತ್ತಿಯನ್ನು. ಅಡುಗೆಯವರು 5120, ಸಪ್ಲೈಯರುಗಳು 5131, ಅಡುಗೆಮನೆಯ ಸಹಾಯಕರು 9412. ಇದರ ಉಪಯೋಗ ಕಡತದ ಮಟ್ಟದ್ದು. ಮಸ್ಟರ್ ರೋಲಿನಲ್ಲಿ, ಅಂದರೆ ಕೆಲಸಗಾರರ ಹಾಜರಿ ಪಟ್ಟಿಯಲ್ಲಿ, ಒಬ್ಬನನ್ನು "ಹೆಲ್ಪರ್", ಮತ್ತೊಬ್ಬನನ್ನು "ಬಾಯ್", ಮೂರನೆಯವನನ್ನು "ಕಿಚನ್ ಸ್ಟಾಫ್" ಎಂದು ಬರೆದು ಮೂವರಿಂದಲೂ ಒಂದೇ ಕೆಲಸ ಮಾಡಿಸುವ ಗೊಂದಲವನ್ನು ಇದು ನಿಲ್ಲಿಸುತ್ತದೆ. ಸರಕಾರದ ಕೌಶಲ ತರಬೇತಿಯ ಕ್ವಾಲಿಫಿಕೇಶನ್ ಪ್ಯಾಕ್‌ಗಳೂ (ಒಂದು ಹುದ್ದೆಗೆ ಏನೇನು ಬರಬೇಕು ಎಂಬ ಮಾನದಂಡಗಳ ಕಟ್ಟು) ಇದೇ ಸಂಕೇತಗಳಿಗೆ ಹೊಂದಿಕೊಂಡಿವೆ.

ಕೊರತೆಯೂ ಅಷ್ಟೇ ಸ್ಪಷ್ಟ. ಪ್ರತಿ ವೃತ್ತಿಗೂ ಸಿಗುವುದು ಒಂದು ಪ್ಯಾರಾ ವಿವರಣೆ. ಯಾವ ಕೆಲಸ ಮುಖ್ಯ, ಯಾವುದು ಅಪರೂಪ ಎಂಬ ತೂಕ ಅದರಲ್ಲಿಲ್ಲ. ಮೋರಿಯಲ್ಲಿ ಪಾತ್ರೆ ತಿಕ್ಕುವವನು, ತರಕಾರಿ ಹೆಚ್ಚುವವನು, ಅಡುಗೆಮನೆ ತೊಳೆಯುವವನು ಎಲ್ಲರೂ ಒಂದೇ ಕುಟುಂಬಕ್ಕೆ ಬರುತ್ತಾರೆ. ಹೋಟೆಲ್ ನಡೆಸುವವರಿಗೆ ಗೊತ್ತು, ಈ ಮೂರೂ ಬೇರೆ ಬೇರೆ ಕೆಲಸ, ಬೇರೆ ಬೇರೆ ದಣಿವು. ಸಂಪುಟಗಳು ಪಿಡಿಎಫ್ ರೂಪದಲ್ಲಿರುವುದರಿಂದ ಹುಡುಕಾಟವೂ ನಿಧಾನ. ಐದಕ್ಕೆ ಎರಡೂವರೆ ಅಂಕ ಕೊಡುತ್ತೇನೆ.

ಓ-ನೆಟ್ ಬೇರೆಯೇ ಜಾತಿಯದು. 900ಕ್ಕೂ ಹೆಚ್ಚು ವೃತ್ತಿಗಳ ಬಗ್ಗೆ, ಆ ಕೆಲಸ ಮಾಡುವವರನ್ನೂ ಬಲ್ಲವರನ್ನೂ ಪ್ರಶ್ನಾವಳಿಯ ಮೂಲಕ ಕೇಳಿ ಸಂಗ್ರಹಿಸಿದ ಮಾಹಿತಿ ಇಲ್ಲಿದೆ. 35 ಕೌಶಲಗಳು, 52 ಸಾಮರ್ಥ್ಯಗಳು, 41 ಸಾಮಾನ್ಯ ಕಾರ್ಯಗಳು, ಪ್ರತಿಯೊಂದಕ್ಕೂ ಅಂಕ. ನಮ್ಮ ಹೋಟೆಲಿಗೆ ಬೇಕಾದ ಪುಟಗಳು, ಅವುಗಳ ಓ-ನೆಟ್ ಸಂಕೇತದೊಂದಿಗೆ, ಆರೇ: ಹೋಟೆಲಿನ ಅಡುಗೆಯವರು 35-2014, ಅಡುಗೆಯ ಪೂರ್ವತಯಾರಿ ಮಾಡುವವರು 35-2021, ಸಪ್ಲೈಯರುಗಳು 35-3031, ಮೇಜು ಕ್ಲೀನರುಗಳು 35-9011, ಪಾತ್ರೆ ತೊಳೆಯುವವರು 35-9021, ಮೇಲ್ವಿಚಾರಕರು 35-1012. ವಿವರದ ಪುಟಕ್ಕೆ ಹೋದರೆ ಕೆಲಸಗಳ ಪಟ್ಟಿ ಮಹತ್ವದ ಅಂಕದೊಂದಿಗೆ ತೆರೆದುಕೊಳ್ಳುತ್ತದೆ. ಎಕ್ಸೆಲ್‌ಗೆ ಇಳಿಸಿಕೊಳ್ಳಬಹುದು. ಮೂಲವನ್ನು ಹೆಸರಿಸಿ, ತಿದ್ದಿದ್ದೇವೆ ಎಂದು ಹೇಳಿದರೆ ಸಾಕು, ತಿದ್ದಿ ಬಳಸಿಕೊಳ್ಳಲು ಪರವಾನಗಿಯೂ ಇದೆ.

ಇದರಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ಕಾಣುವುದು ಕೆಲಸದ ಪರಿಸರದ ಭಾಗ. ಎಷ್ಟು ಹೊತ್ತು ನಿಂತೇ ಇರಬೇಕು, ಕೈಯ ಒಂದೇ ಚಲನೆ ಎಷ್ಟು ಸಲ, ಬಿಸಿ ಎಷ್ಟು, ಸುಟ್ಟಗಾಯ ಕೊಯ್ದಗಾಯಗಳ ಸಂಭವ ಎಷ್ಟು ಎಂಬುದನ್ನೆಲ್ಲ ಅದು ಕೇಳುತ್ತದೆ. ನಮ್ಮಲ್ಲಿ ಕೆಲಸದ ವಿವರಣೆ ಬರೆಯುವವರು ಇದನ್ನು ಬರೆಯುವುದೇ ಇಲ್ಲ. ಮೋರಿಯಲ್ಲಿ ದಿನವಿಡೀ ಒದ್ದೆ ನೆಲದ ಮೇಲೆ ನಿಲ್ಲುವವನ ಕಾಲಬೆರಳ ಸಂದಿ ಹುಣ್ಣಾಗುವುದು, ತವಾದ ಎದುರು ನಿಲ್ಲುವವನು ಮೇ ತಿಂಗಳಲ್ಲಿ ಬೆವತು ಸುಸ್ತಾಗುವುದು ಅವರ ಹಣೆಬರಹವಲ್ಲ. ವಿವರಣೆಯಲ್ಲಿ ಬರೆದರೆ ಗಂಬೂಟು, ರಬ್ಬರ್ ಮ್ಯಾಟ್, ಎಕ್ಸಾಸ್ಟ್ ಫ್ಯಾನು, ಎರಡು ಗಂಟೆಗೊಮ್ಮೆ ಜಾಗ ಬದಲಾವಣೆ ಖರ್ಚಿನ ಪಟ್ಟಿಗೆ ಬಂದೇ ಬರುತ್ತವೆ. ಬರೆಯದಿದ್ದರೆ ಅವನು ಮೂರು ತಿಂಗಳಲ್ಲಿ ಬಿಟ್ಟುಹೋಗುತ್ತಾನೆ, "ಜನ ನಿಲ್ಲುವುದಿಲ್ಲ" ಎಂಬ ದೂರು ಉಳಿಯುತ್ತದೆ.

ಆದರೆ ಓ-ನೆಟ್ ಅನ್ನು ಹಾಗೆಯೇ ನಕಲು ಮಾಡಿದರೆ ಕೆಡುತ್ತದೆ. ಅದರ ಅಡುಗೆಯವನು ಮಾಂಸ ಹುರಿಯುವವನು, ಓವನ್ನಿನ ಉಷ್ಣತೆ ನೋಡುವವನು. ದೋಸೆಹಿಟ್ಟು ಹುಳಿ ಬರಿಸುವುದು ಅದರ ಪಟ್ಟಿಯಲ್ಲಿಲ್ಲ. ನಮ್ಮಲ್ಲಿ ಇಡೀ ದಿನದ ವ್ಯಾಪಾರ ನಿಂತಿರುವುದು ಆ ಒಂದು ಕೆಲಸದ ಮೇಲೆ. ಮುಂಬಯಿಯ ಮೇ ತಿಂಗಳಲ್ಲಿ ಹಿಟ್ಟು ಬೇಗ ಉಕ್ಕುತ್ತದೆ. ಪುಣೆಯ ಡಿಸೆಂಬರ್ ರಾತ್ರಿಯ ಚಳಿಗೆ ಅದೇ ಹಿಟ್ಟು ಬೆಳಗಾದರೂ ಏಳುವುದಿಲ್ಲ. ಹಾಗಾಗಿ ರುಬ್ಬುವವನ ಪಾಳಿ ಕಾಲಕ್ಕೆ ತಕ್ಕಂತೆ ಹಿಂದೆಮುಂದೆ ಆಗಬೇಕು. ಈ ತೀರ್ಮಾನ ಯಾರದು, ಭಟ್ಟರದೋ ಮ್ಯಾನೇಜರರದೋ, ಎಂಬುದನ್ನು ವಿವರಣೆಯಲ್ಲಿ ಬರೆದಿಡಬೇಕು. ಇನ್ನು ಭಾಷೆ. ಇಂಗ್ಲಿಷು ಬಿಟ್ಟು ನಮಗೆ ಬೇಕಾದ ಯಾವ ಭಾಷೆಯೂ ಅಲ್ಲಿಲ್ಲ. ತುಳು, ಕನ್ನಡ, ಹಿಂದಿ, ಒಡಿಯಾ, ನೇಪಾಳಿ ಕಲೆತ ಅಡುಗೆಮನೆಗೆ ಅದನ್ನು ತರುವ ಹೊಣೆ ನಮ್ಮದೇ. ಆದರೂ ಐದಕ್ಕೆ ನಾಲ್ಕು ಕೊಡುತ್ತೇನೆ. ಯಾಕೆಂದರೆ ಪ್ರಶ್ನೆಗಳನ್ನು ಅದು ಸಿದ್ಧವಾಗಿ ಕೊಡುತ್ತದೆ.

ಬಳಸುವ ಕ್ರಮ ಹೀಗಿರಲಿ. ಒಂದು ಹುದ್ದೆಯ ಪುಟದಿಂದ ಹೊಂದದ್ದನ್ನು ಹೊಡೆದುಹಾಕಿ, ನಮ್ಮದನ್ನು ಸೇರಿಸಿ 15ರಿಂದ 20 ಕೆಲಸಗಳ ಪಟ್ಟಿ ಮಾಡಿ. ಒಂದೊಂದು ಕೆಲಸಕ್ಕೆ ಒಂದೊಂದು ಚೀಟಿ. ವಾಕ್ಯ ಕ್ರಿಯಾಪದದ ಸುತ್ತ ಇರಲಿ: "ಸಾಂಬಾರಿನ ಪಾತ್ರೆಯನ್ನು ಗಂಟೆಗೊಮ್ಮೆ ಬಿಸಿ ಮಾಡಿ ಕೌಂಟರಿಗೆ ತುಂಬಿಸುವುದು". "ಅಡುಗೆ ನೋಡಿಕೊಳ್ಳುವುದು" ಎಂದು ಬರೆದರೆ ಅದರಿಂದ ಏನನ್ನೂ ಅಳೆಯಲಾಗುವುದಿಲ್ಲ. ಕೆಲಸ ಮಾಡುವವನಿಂದ ಪ್ರತಿ ಚೀಟಿಗೆ 1ರಿಂದ 5ರ ಒಳಗೆ ಮಹತ್ವದ ಅಂಕ, ದಿನಕ್ಕೆ ಎಷ್ಟು ಸಲ, ಎಷ್ಟು ಹೊತ್ತು ಎಂದು ಕೇಳಿ ಬರೆದುಕೊಳ್ಳಿ. ಅವೇ ಚೀಟಿಗಳನ್ನು ಅವನ ಮೇಲ್ವಿಚಾರಕನಿಗೆ ಬೇರೆಯಾಗಿ ತೋರಿಸಿ. ಅಂಕದಲ್ಲಿ 2 ಅಥವಾ ಹೆಚ್ಚು ವ್ಯತ್ಯಾಸ ಬಂದ ಚೀಟಿಗಳ ಬಗ್ಗೆ ಮಾತ್ರ ಇಬ್ಬರನ್ನೂ ಕೂರಿಸಿ ಮಾತಾಡಿದರೆ ಸಾಕು. ಮಾಲಕರು ಗಲ್ಲೆಯಲ್ಲಿ ಕೂತು ನೋಡುತ್ತಿರುವಾಗ ಈ ಮಾತುಕತೆ ಬೇಡ. ಕೆಲಸ ಹೋಗುತ್ತದೆ ಎಂಬ ಭಯಕ್ಕೆ ಹುಡುಗರು ಎಲ್ಲದಕ್ಕೂ ಐದೇ ಅಂಕ ಹಾಕುತ್ತಾರೆ. ಈ ಪಟ್ಟಿಯಿಂದ ಯಾರನ್ನೂ ತೆಗೆಯುವುದಿಲ್ಲ ಎಂದು ಮಾಲಕರೇ ಮೊದಲು ಎಲ್ಲರೆದುರು ಹೇಳಬೇಕು, ಹೇಳಿದಂತೆ ನಡೆದುಕೊಳ್ಳಬೇಕು.

ಪಿಎಕ್ಯೂ (ಪೊಸಿಶನ್ ಅನಾಲಿಸಿಸ್ ಕ್ವೆಶ್ಚನೇರ್) ಎಂಬ, ಕೆಲಸದ ವಿಶ್ಲೇಷಣೆಯ ಹಳೆಯ ಪ್ರಶ್ನಾವಳಿಯನ್ನು ಕೆಲವು ಸಲಹೆಗಾರರು ಮುಂದಿಡುವುದುಂಟು. ಸುಮಾರು 200 ಅಂಶಗಳ, ಕಾಲೇಜು ಮಟ್ಟದ ಓದು ಬೇಡುವ ಅದು ಅಡುಗೆಮನೆಗೆ ಒಗ್ಗುವುದಿಲ್ಲ.

ಬಾಯಿಮಾತಿನ ಸಮಯವನ್ನು ಕಣ್ಣಿನಿಂದ ಪರೀಕ್ಷಿಸಬೇಕು. ಅದಕ್ಕೆ ಸುಲಭದ ದಾರಿ ವರ್ಕ್ ಸ್ಯಾಂಪ್ಲಿಂಗ್. ಒಂದು ಸುತ್ತು ಹೋಗಿ, ಆ ಕ್ಷಣದಲ್ಲಿ ಯಾರು ಏನು ಮಾಡುತ್ತಿದ್ದಾರೆ ಎಂದು ಗುರುತು ಹಾಕುವುದು. ಸುಮಾರು 400 ಗುರುತುಗಳಾದರೆ ಶೇಕಡಾ 5ರ ಆಚೀಚೆಗೆ ಉತ್ತರ ಸಿಗುತ್ತದೆ. ಒಂದು ಸುತ್ತಿನಲ್ಲಿ 8 ಜನ ಕಾಣಿಸಿದರೆ 50 ಸುತ್ತು. ಸುತ್ತಿನ ಹೊತ್ತನ್ನು ಚೀಟಿ ಎತ್ತಿ ಆರಿಸಿ. ಪ್ರತಿ ಗಂಟೆ ಹೊಡೆದಾಗಲೇ ಹೋದರೆ ಸಾಂಬಾರು ಬಿಸಿ ಮಾಡುವವನೇ ದಿನವೆಲ್ಲ ಕಣ್ಣಿಗೆ ಬೀಳುತ್ತಾನೆ. ದಿನಗಳನ್ನು ಆರಿಸುವಾಗಲೂ ಜಾಗ ನೋಡಬೇಕು. ಮಾಟುಂಗದಲ್ಲಿ ಭಾನುವಾರ ಬೆಳಿಗ್ಗೆ ಸಾಲು ನಿಲ್ಲುತ್ತದೆ, ಆಫೀಸುಗಳೇ ತುಂಬಿದ ಫೋರ್ಟಿನಲ್ಲಿ ಭಾನುವಾರ ತಣ್ಣಗೆ. ಪಿಂಪ್ರಿ-ಚಿಂಚ್‌ವಡದ ಕಾರ್ಖಾನೆಗಳ ಬಳಿ ಶಿಫ್ಟ್ ಬಿಡುವ ಹೊತ್ತೇ ನೂಕುನುಗ್ಗಲು.

ಇಲ್ಲಿಂದ ಮುಂದೆ ಎರಡೂ ಸಾಧನಗಳು ಕೈಬಿಡುತ್ತವೆ. ಎಷ್ಟು ಜನ ಬೇಕು ಎಂಬುದನ್ನು ಎನ್‌ಸಿಒ ಆಗಲಿ ಓ-ನೆಟ್ ಆಗಲಿ ಹೇಳುವುದಿಲ್ಲ. ಆ ಲೆಕ್ಕಕ್ಕೆ ಎಕ್ಸೆಲ್ ಹಾಳೆ ಸಾಕು, ಬಿಲ್ಲಿಂಗ್ ಯಂತ್ರದ ಕೆಓಟಿ (ಅಡುಗೆಮನೆಗೆ ಹೋಗುವ ಆರ್ಡರ್ ಚೀಟಿ) ಸಮಯಗಳು ಬೇಕು. ದಿನವನ್ನು ಅರ್ಧರ್ಧ ಗಂಟೆಗೆ ಒಡೆಯಿರಿ. ಬೆಳಿಗ್ಗೆ 8.30ರಿಂದ 9ರೊಳಗೆ 36 ಆರ್ಡರ್ ಬಂದವು, ಒಂದು ಆರ್ಡರಿಗೆ ನೀರು, ತಿಂಡಿ, ಕಾಫಿ, ಬಿಲ್ಲು ಎಲ್ಲ ಸೇರಿ ಸಪ್ಲೈಯರನ 4 ನಿಮಿಷ ಎಂದಾದರೆ 144 ನಿಮಿಷದ ಕೆಲಸ. ಅರ್ಧ ಗಂಟೆಯಲ್ಲಿ ಒಬ್ಬನಿಂದ ನಿಜವಾಗಿ ಸಿಗುವುದು 24 ನಿಮಿಷ. 30ಕ್ಕೆ 30 ಎಂದು ಹಿಡಿದರೆ ಒಬ್ಬ ಗಿರಾಕಿ ಚಟ್ನಿ ಎರಡನೇ ಸಲ ಕೇಳಿದಾಗಲೇ ಸಾಲು ಕೆಡುತ್ತದೆ. 144ನ್ನು 24ರಿಂದ ಭಾಗಿಸಿದರೆ 6 ಜನ. ಮಧ್ಯಾಹ್ನ 3.30ಕ್ಕೆ 9 ಆರ್ಡರ್ ಮಾತ್ರ ಇದ್ದರೆ ಒಂದೂವರೆ, ಅಂದರೆ ಇಬ್ಬರು. ಆರು ಜನರನ್ನು ಇಡೀ ದಿನ ನಿಲ್ಲಿಸುವುದಕ್ಕೂ ಇಬ್ಬರಲ್ಲೇ ಬೆಳಿಗ್ಗೆ ತಳ್ಳುವುದಕ್ಕೂ ನಡುವಿನ ದಾರಿ ಪಾಳಿಯನ್ನು ಒಡೆಯುವುದು, ಅಂದರೆ ಒಬ್ಬನ ಪಾಳಿಯನ್ನು ನಡುವೆ ಬಿಡುವು ಕೊಟ್ಟು ಎರಡು ತುಂಡು ಮಾಡುವುದು. ಆದರೆ ಕೆಲಸ ಶುರುವಾದ ಹೊತ್ತಿನಿಂದ ಮುಗಿಯುವ ಹೊತ್ತಿನವರೆಗಿನ ಒಟ್ಟು ಅವಧಿಗೂ ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆಯಲ್ಲಿ ಮಿತಿ ಇದೆ. ಈಗ ಜಾರಿಯಲ್ಲಿರುವ ಮಿತಿಯನ್ನು ನೋಡಿಕೊಂಡೇ ಪಾಳಿ ಹಾಕಬೇಕು.

ತವಾದ ಲೆಕ್ಕ ಬೇರೆ. ಒಂದು ಸುತ್ತಿಗೆ 6 ದೋಸೆ, ಸುತ್ತಿಗೆ 4 ನಿಮಿಷವಾದರೆ ಗಂಟೆಗೆ 90. ಬೇಡಿಕೆ 120 ಆದರೆ ಇನ್ನೊಬ್ಬ ಭಟ್ಟರನ್ನು ತಂದು ಪಕ್ಕದಲ್ಲಿ ನಿಲ್ಲಿಸಿ ಪ್ರಯೋಜನವಿಲ್ಲ, ಬೇಕಾದದ್ದು ಇನ್ನೊಂದು ತವಾ. ಮೊದಲು ಯಂತ್ರದ ಮಿತಿ ನೋಡಿ, ಆಮೇಲೆ ಜನರ ಸಂಖ್ಯೆ.

ಹೆಚ್ಚಿನವರು ಎಡವುವುದು ರಜೆಯ ಲೆಕ್ಕದಲ್ಲಿ. ತವಾಕ್ಕೆ ದಿನಕ್ಕೆ ಎರಡು ಪಾಳಿ, ಹಾಗಾಗಿ ಇಬ್ಬರು ಸಾಕು ಎನ್ನುತ್ತಾರೆ. ವರ್ಷದ 365 ದಿನಗಳಿಂದ ವಾರದ ರಜೆ 52, ಊರಿಗೆ ಹೋಗುವುದು 30, ಹಬ್ಬದ ರಜೆ 8, ಕಾಯಿಲೆ 5 ಕಳೆಯಿರಿ. ಉಳಿಯುವುದು 270. 365ನ್ನು 270ರಿಂದ ಭಾಗಿಸಿದರೆ 1.35. ಅಂದರೆ ದಿನವೂ ತುಂಬಿರಬೇಕಾದ ಒಂದು ಜಾಗಕ್ಕೆ 1.35 ಜನ, ತವಾಕ್ಕೆ 2.70. ಆ ಮುಕ್ಕಾಲು ಮನುಷ್ಯನ ಕೊರತೆಯನ್ನು ವಾರದ ರಜೆಯಿಲ್ಲದೆ ದುಡಿದು ತುಂಬುವವನು ತವಾದ ಮುಂದಿರುವವನೇ. ಅದು ಅನ್ಯಾಯ, ಕಾನೂನಿಗೂ ವಿರುದ್ಧ.

ಇಡೀ ಹೋಟೆಲಿಗೆ ಹಾಕಿ ನೋಡೋಣ. ಎಂಟು ಗಂಟೆಯ ಪಾಳಿಗಳಲ್ಲಿ ತವಾ 2, ಒಳಗಿನ ಅಡುಗೆ 3, ರುಬ್ಬುವುದು 1, ಕಾಫಿ-ಟೀ 2, ಸಪ್ಲೈ 6, ಕ್ಲೀನರ್ 3, ಮೋರಿ 3, ಪಾರ್ಸೆಲ್ 1, ಗಲ್ಲೆ 2. ಒಟ್ಟು 23. ಇದನ್ನು 1.35ರಿಂದ ಗುಣಿಸಿದರೆ 31 ಜನ. ಪ್ರತಿ ವಿಭಾಗವನ್ನೂ ಬೇರೆ ಬೇರೆಯಾಗಿ ಪೂರ್ಣ ಸಂಖ್ಯೆಗೆ ಏರಿಸಿದರೆ, ತೀರಾ ಸಣ್ಣ ಚಿಲ್ಲರೆ ಬಿಟ್ಟರೂ, 33 ಆಗುತ್ತದೆ. ಈ ಎರಡು ಸಂಬಳ ಉಳಿಯಬೇಕಾದರೆ ಒಂದು ಜಾಗದ ಕೆಲಸ ಇನ್ನೊಂದು ಜಾಗದವನಿಗೂ ಬರಬೇಕು. ಇಲ್ಲಿ ಓ-ನೆಟ್ ಮತ್ತೆ ಕೈಗೆ ಬರುತ್ತದೆ. ಎರಡು ವೃತ್ತಿಗಳ ಸಾಮರ್ಥ್ಯದ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟರೆ ಯಾರಿಗೆ ಯಾವುದನ್ನು ಕಲಿಸುವುದು ಸುಲಭ ಎಂದು ಕಾಣುತ್ತದೆ. ಕಾಫಿ ಮಾಡುವವನಿಗೆ ತವಾ, ಕ್ಲೀನರನಿಗೆ ಸಪ್ಲೈ, ರುಬ್ಬುವವನಿಗೆ ಒಳಗಿನ ಅಡುಗೆ. ಕಲಿತವನಿಗೆ ಸಂಬಳ ಏರಿಸದೆ ಎರಡು ಕೆಲಸ ಮಾಡಿಸಿದರೆ ಅವನು ಆ ವಿದ್ಯೆಯೊಂದಿಗೆ ಪಕ್ಕದ ಹೋಟೆಲಿಗೆ ಹೋಗುತ್ತಾನೆ. ಆಹಾರ ಮುಟ್ಟುವ ಪ್ರತಿ 25 ಜನರಿಗೆ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ತರಬೇತಿ ಪಡೆದ ಒಬ್ಬ ಮೇಲ್ವಿಚಾರಕ ಇರಬೇಕೆಂಬ ನಿಯಮವೂ ಇದೆ. ಗಲ್ಲೆಯವರನ್ನು ಬಿಟ್ಟರೂ ಇಲ್ಲಿ 28 ಜನ ಇರುವುದರಿಂದ ಇಬ್ಬರು ಬೇಕು.

ಇನ್ನು ಕ್ಯಾಲೆಂಡರು. 30 ದಿನದ ಊರಿನ ರಜೆ ವರ್ಷವಿಡೀ ಸಮನಾಗಿ ಹಂಚಿಕೊಂಡು ಬರುವುದಿಲ್ಲ. ತುಳುನಾಡಿನವರು ಏಪ್ರಿಲ್-ಮೇಯಲ್ಲಿ ಮದುವೆ, ದೈವಗಳ ನೇಮಗಳಿಗೆ ಹೊರಡುತ್ತಾರೆ, ಒಡಿಶಾದವರು ಜೂನ್ ಮಧ್ಯದ ರಜೊ ಹಬ್ಬಕ್ಕೆ, ನೇಪಾಳದವರು ದಶೈಂಗೆ, ಬಿಹಾರದವರು ಛಟ್‌ಗೆ. ನಾಲ್ಕೂ ಕಡೆಯವರು ಒಂದೊಂದು ವಿಭಾಗದಲ್ಲಿ ಬೆರೆತಿದ್ದರೆ ಹೋಟೆಲ್ ನಡೆಯುತ್ತದೆ. ಮೋರಿಗೆಲ್ಲ ಒಂದೇ ಊರಿನವರು, ಅಡುಗೆಗೆಲ್ಲ ಇನ್ನೊಂದೇ ಊರಿನವರು ಎಂದಾದರೆ ಒಂದು ಹಬ್ಬಕ್ಕೆ ಒಂದು ವಿಭಾಗವೇ ಖಾಲಿ. ಗೋವದಲ್ಲಿ ಇದಕ್ಕೆ ಅನುಕೂಲವಿದೆ. ಪ್ರವಾಸಿಗಳ ಕಾಲ ಅಕ್ಟೋಬರಿನಿಂದ ಮಾರ್ಚ್, ಮಳೆಗಾಲದಲ್ಲಿ ವ್ಯಾಪಾರ ಕಡಿಮೆ. ಊರಿನ ರಜೆಯನ್ನು ಜೂನ್‌ನಿಂದ ಆಗಸ್ಟ್‌ಗೆ ಹಾಕಿದರೆ ಸೀಸನ್ನಿನಲ್ಲಿ ಬದಲಿ ಜನರ ಅಗತ್ಯ ಇಳಿಯುತ್ತದೆ.

ಮುಂಬಯಿಯ ಹಳೆಯ ಹೋಟೆಲ್ ಹುಡುಗರು ಹಗಲು ದುಡಿದು ಕನ್ನಡ ರಾತ್ರಿಶಾಲೆಗಳಲ್ಲಿ ಓದಿದರು. ಶಾಲೆಯ ಹೊತ್ತಿಗೆ ಹುಡುಗರನ್ನು ಬಿಟ್ಟುಕೊಟ್ಟ ಮಾಲಕರು ಪಾಳಿಯನ್ನು ಯೋಚಿಸಿಯೇ ಹಾಕಿದ್ದರು. ಈಗಿನ ಹುಡುಗರಿಗೂ ಪರೀಕ್ಷೆ, ಕೋರ್ಸು ಇರುತ್ತವೆ. ಪಾಳಿಯ ಹಾಳೆಯಲ್ಲಿ ಅದಕ್ಕೊಂದು ಕಾಲಂ ಇಡುವುದು ಕಷ್ಟವೇನಲ್ಲ.

ಒಮ್ಮೆ ಮಾಡಿದ ವಿಶ್ಲೇಷಣೆ ಎಷ್ಟು ದಿನ ನಿಲ್ಲುತ್ತದೆ ಎಂಬುದು ಮೆನುವಿನ ಮೇಲೆ ನಿಂತಿದೆ. ಚೈನೀಸ್ ಕೌಂಟರ್ ಸೇರಿಸಿದಾಗ, ಪಾತ್ರೆ ತೊಳೆಯುವ ಯಂತ್ರ ತಂದಾಗ ಆ ವಿಭಾಗದ ಚೀಟಿಗಳನ್ನಷ್ಟೇ ಹೊಸದಾಗಿ ಅಳೆದರೆ ಸಾಕು. ಪಾರ್ಸೆಲ್ಲಿಗೆ ಮಾತ್ರ ಪ್ರತಿ ಮೂರು ತಿಂಗಳಿಗೊಮ್ಮೆ ಕೆಓಟಿ ಸಮಯ ತೆಗೆದು ನೋಡಬೇಕು. ಸ್ವಿಗ್ಗಿ, ಜೊಮ್ಯಾಟೊ ಆರ್ಡರುಗಳು ಒಳಗಿನ ಗಿರಾಕಿಗಳ ಹೊತ್ತಿಗೇ ಬರುತ್ತವೆ. ಅವುಗಳನ್ನು ಸಪ್ಲೈಯರನೇ ಕಟ್ಟುತ್ತಿದ್ದರೆ ಮೇಲೆ ಹೇಳಿದ 4 ನಿಮಿಷ 6 ಆಗಿರುತ್ತದೆ, ಆಗ 8.30ಕ್ಕೆ ಬೇಕಾದದ್ದು ಒಂಬತ್ತು ಜನ.