ಒಂದೇ ಬಜೆಟ್ಟಿಗೆ ನಾಲ್ಕು ಹಳೇ ಎಂಟಿಬಿ: ಓಡಿಸಿ ನೋಡಿ ಮಾಡಿದ ಹೋಲಿಕೆ

ಕೈಯಲ್ಲಿ ದುಡ್ಡು ಕಡಿಮೆ ಇದೆ, ಕಲ್ಲುಮುಳ್ಳಿನ ದಾರಿಯಲ್ಲಿ ಓಡಿಸೋಕೆ ಗಟ್ಟಿಯಾದ ಎಂಟಿಬಿ (ಮೌಂಟನ್ ಬೈಕ್) ಸೈಕಲ್ ಬೇಕು ಅಂದರೆ ನನ್ನ ಮಟ್ಟಿಗೆ ಸೆಕೆಂಡ್ ಹ್ಯಾಂಡೇ ಸರಿ. ಹೊಸದರಲ್ಲಿ ತೀರಾ ಕೆಳಗಿನ ಮಟ್ಟದ್ದು ಬರುವ ದುಡ್ಡಿಗೆ ಹಳೆಯದರಲ್ಲಿ ಮಧ್ಯಮ ಮಟ್ಟದ್ದು ಸಿಗುತ್ತದೆ. ತಲೆಕೆಡುವುದು ಆಮೇಲೆ. ಅದೇ ದುಡ್ಡಿಗೆ ನಾಲ್ಕು ಬೇರೆ ಬೇರೆ ಬಗೆಯ ಸೈಕಲ್ ಎದುರಿಗೆ ಬಂದು ನಿಲ್ಲುತ್ತವೆ, ಪ್ರತಿಯೊಂದನ್ನೂ ಮಾರುವವರು ಇದೇ ಒಳ್ಳೇದು ಅಂತ ಹೇಳುತ್ತಾರೆ.

ನಾನು ಆ ನಾಲ್ಕನ್ನೂ ಒಂದೇ ದಾರಿಯಲ್ಲಿ ಓಡಿಸಿದೆ. ಬೇರುಗಳು ಎದ್ದಿರುವ ಒಂದು ಏರು, ಸಡಿಲ ಕಲ್ಲಿನ ಒಂದು ಇಳಿಜಾರು, ಕೊನೆಗೆ ಸ್ವಲ್ಪ ಟಾರು ರಸ್ತೆ. ಒಂದು, 90ರ ದಶಕದ ಸ್ಟೀಲ್ ಫ್ರೇಮಿನದು, 26 ಇಂಚಿನ ಚಕ್ರ, ಮುಂದೆ ಶಾಕ್ ಇಲ್ಲ. ಎರಡು, ಹಿಂದೆ ಮುಂದೆ ಎರಡೂ ಕಡೆ ಸಸ್ಪೆನ್ಷನ್ ಇರುವ ಫುಲ್ ಸಸ್ಪೆನ್ಷನ್. ಮೂರು, ಹೆಚ್ಚು ಓಡದ, ಹೊಸದರಂತೆ ಹೊಳೆಯುವ 29 ಇಂಚಿನ ಹಾರ್ಡ್‌ಟೇಲ್ (ಮುಂದೆ ಮಾತ್ರ ಶಾಕ್ ಇರುವುದು), ಅದರ ಕಂಪನಿಯ ಕೆಳಗಿನ ಮಾಡೆಲ್. ನಾಲ್ಕು, ಹತ್ತು ವರ್ಷಕ್ಕೂ ಹಳೆಯ 26 ಇಂಚಿನ ಹಾರ್ಡ್‌ಟೇಲ್. ಬಣ್ಣ ಅಲ್ಲಲ್ಲಿ ಹೋಗಿದೆ, ಆದರೆ ಏರ್ ಫೋರ್ಕ್ (ಮುಂದಿನ ಚಕ್ರ ಹಿಡಿಯುವ, ಗಾಳಿ ತುಂಬುವ ಶಾಕ್), ಎಣ್ಣೆಯ ಒತ್ತಡದ ಹೈಡ್ರಾಲಿಕ್ ಬ್ರೇಕ್, ಶಿಮಾನೊ ಕಂಪನಿಯ 9 ಸ್ಪೀಡ್ (ಹಿಂದೆ 9 ಹಲ್ಲುಚಕ್ರ) ಡಿಯೋರ್ ಗೇರು.

ಫುಲ್ ಸಸ್ಪೆನ್ಷನ್ನಿನ ಮಾತು ಮೊದಲೇ ಮುಗಿಸುತ್ತೇನೆ. ಈ ಬಜೆಟ್ಟಿಗೆ ಬೇಡ. ಕಡಿಮೆ ದುಡ್ಡಿನ ಫುಲ್ ಸಸ್ಪೆನ್ಷನ್ನಿನಲ್ಲಿ ಹಿಂದಿನ ಶಾಕ್ ಅಂದರೆ ಹೆಚ್ಚುಕಡಿಮೆ ಬರೀ ಸ್ಪ್ರಿಂಗು. ಅದು ಕುಗ್ಗಿ ವಾಪಸ್ ಬರುವ ವೇಗವನ್ನು ಹಿಡಿದಿಡುವ ಡ್ಯಾಂಪಿಂಗ್ ಅದರೊಳಗೆ ಇಲ್ಲ. ಏರಿನಲ್ಲಿ ಪೆಡಲ್ ತುಳಿದಷ್ಟೂ ಸೀಟು ಮೇಲೆ ಕೆಳಗೆ ಆಡುತ್ತದೆ, ಕಾಲಿನ ಶಕ್ತಿ ಅಲ್ಲೇ ಹೋಗುತ್ತದೆ. ಇಳಿಜಾರಿನಲ್ಲಾದರೂ ಸುಖ ಕೊಡಬಹುದು ಅಂದುಕೊಂಡರೆ, ಕಲ್ಲಿಗೆ ಬಡಿದಾಗ ಹಿಂದಿನ ಚಕ್ರ ಪುಟಿದು ನೆಲ ಬಿಡುತ್ತದೆ. ಒಳ್ಳೆಯ ಫುಲ್ ಸಸ್ಪೆನ್ಷನ್ ಹಳೆಯದಾಗಿ ಇದೇ ದುಡ್ಡಿಗೆ ಬಂದರೆ ಅದು ಬೇರೆ ವಿಷಯ, ಆದರೆ ಅದರಲ್ಲಿ ಶಾಕ್ ಸರ್ವಿಸ್ ಬಾಕಿ ಇರುತ್ತದೆ, ಕೀಲುಗಳ ಬೇರಿಂಗ್ ಸವೆದಿರುತ್ತವೆ, ಇವೆರಡರ ಖರ್ಚು ಸೇರಿಸಿದರೆ ಬಜೆಟ್ ಯಾವಾಗಲೋ ದಾಟಿರುತ್ತದೆ. ನೋಡಲೇಬೇಕು ಅಂದರೆ ಸೀಟು ಹಿಡಿದು ಹಿಂದಿನ ಚಕ್ರ ನೆಲ ಬಿಡುವಷ್ಟು ನಿಧಾನವಾಗಿ ಎತ್ತಿ. ಚಕ್ರ ಏಳುವ ಮೊದಲು ಟಕ್ ಅಂತ ಸಣ್ಣ ಆಟ ಕೈಗೆ ಸಿಕ್ಕರೆ ಬೇರಿಂಗೋ ಶಾಕಿನ ಬುಷ್ಷೋ ಹೋಗಿದೆ ಅಂತ ಅರ್ಥ.

ಸ್ಟೀಲ್ ಸೈಕಲ್ ನನಗೆ ತುಂಬಾ ಇಷ್ಟವಾಯಿತು. ಏರಿನಲ್ಲಿ ನಾಲ್ಕರಲ್ಲೂ ಚುರುಕಾಗಿ ಹೋಗಿದ್ದು ಇದೇ, ತುಳಿದದ್ದೆಲ್ಲ ನೇರ ಚಕ್ರಕ್ಕೆ ಹೋಗುತ್ತದೆ. ಟಾರು ರಸ್ತೆ, ಮಣ್ಣಿನ ದಾರಿ, ಲಗೇಜ್ ಹಾಕಿಕೊಂಡು ದೂರ ಹೋಗೋದು ಇದಕ್ಕೆಲ್ಲ ಹೇಳಿ ಮಾಡಿಸಿದ್ದು. ಕೆಡುವ ಭಾಗಗಳೇ ಕಡಿಮೆ. ಹಿಂದಿನ ಗೇರನ್ನು ಹಿಡಿಯುವ ಹ್ಯಾಂಗರ್ ಬಗ್ಗಿದರೂ ಸ್ಟೀಲ್ ಆದ್ದರಿಂದ ನೇರ ಮಾಡಬಹುದು. ಆದರೆ ಸಡಿಲ ಕಲ್ಲಿನ ಇಳಿಜಾರಿನಲ್ಲಿ ಹ್ಯಾಂಡಲ್ ಬಿಗಿಯಾಗಿ ಹಿಡಿದು ಹಿಡಿದು ಅಂಗೈ ಮರಗಟ್ಟಿತು, ಬ್ರೇಕ್ ಲಿವರ್ ಎಳೆಯೋಕೆ ಬೆರಳು ಮಾತು ಕೇಳಲಿಲ್ಲ. ಇನ್ನೊಂದು, 1996ರ ಹೊತ್ತಿಗೆ ವಿ-ಬ್ರೇಕ್ ಬರುವ ಮುಂಚಿನ ಸೈಕಲ್ಲುಗಳಲ್ಲಿ ಕ್ಯಾಂಟಿಲಿವರ್ ಬ್ರೇಕ್ ಇರುತ್ತವೆ (ಎರಡೂ ರಿಮ್ಮನ್ನು ಅಮುಕುವ ಬ್ರೇಕುಗಳೇ). ಅವನ್ನು ಸರಿಯಾಗಿ ಕೂರಿಸೋದು ಕಷ್ಟ, ಹಿಡಿತವೂ ಕಮ್ಮಿ. ಇಂಥ ಸೈಕಲ್ ತಗೊಳ್ಳುವಾಗ ಎರಡು ಕಡೆ ಕೈ ಹಾಕಿ ನೋಡಿ. ಸೀಟಿನ ಕಂಬಿ ಮೇಲೆ ಕೆಳಗೆ ಸರಿಯುತ್ತದಾ? ಸ್ಟೀಲ್ ಫ್ರೇಮಿನೊಳಗೆ ಅಲ್ಯುಮಿನಿಯಂ ಕಂಬಿ ವರ್ಷಗಟ್ಟಲೆ ಅಲ್ಲಾಡದೆ ಕೂತರೆ ಕಚ್ಚಿಕೊಂಡುಬಿಡುತ್ತದೆ, ಬಿಡಿಸೋದು ದೊಡ್ಡ ರಗಳೆ. ಎರಡನೆಯದು ರಿಮ್ಮು. ಬ್ರೇಕ್ ಉಜ್ಜುವ ಜಾಗದಲ್ಲಿ ಬೆರಳು ಆಡಿಸಿ, ಒಳಕ್ಕೆ ತಗ್ಗಿದ್ದರೆ ಆ ರಿಮ್ಮಿನ ಆಯಸ್ಸು ಮುಗಿಯಿತು.

ಈಗ ನಿಜವಾದ ಪೈಪೋಟಿಗೆ ಬರೋಣ: ಹೊಳೆಯುವ 29 ಇಂಚಿನದು, ಬಣ್ಣ ಹೋದ 26 ಇಂಚಿನದು. ಹೆಚ್ಚಿನವರು ಮೊದಲನೆಯದರ ಕಡೆಗೇ ಕೈ ಚಾಚುತ್ತಾರೆ, ಅದಕ್ಕೆ ಕಾರಣವೂ ಇದೆ. ದೊಡ್ಡ ಚಕ್ರ ಬೇರು, ಕಲ್ಲುಗಳ ಮೇಲೆ ಸಲೀಸಾಗಿ ಹತ್ತಿ ಇಳಿಯುತ್ತದೆ. ಅದೇ ಏರಿನಲ್ಲಿ 26 ಇಂಚಿನದು ಎರಡು ಬೇರುಗಳ ನಡುವೆ ಸಿಕ್ಕಿಕೊಂಡ ಕಡೆ 29 ಇಂಚಿನದು ಸುಮ್ನೆ ದಾಟಿಕೊಂಡು ಹೋಯಿತು. ಚಕ್ರದ ಗಾತ್ರದ ಲಾಭ ನಿಜವಾದದ್ದೇ. ಅದಕ್ಕೇ ಹೆಚ್ಚಿನ ಕಂಪನಿಗಳು ಒಳ್ಳೆ ಮಾಡೆಲ್ಲುಗಳಲ್ಲಿ 2010ರ ದಶಕದ ನಡುವಿನ ಹೊತ್ತಿಗೆ 26 ಇಂಚನ್ನು ಕೈಬಿಟ್ಟು 27.5 ಮತ್ತು 29ಕ್ಕೆ ಹೋದವು. ನಮ್ಮಂಥವರಿಗೆ ಲಾಭ ಇರೋದೂ ಅಲ್ಲೇ. 26 ಇಂಚಿನ ಒಳ್ಳೊಳ್ಳೆ ಸೈಕಲ್ಲುಗಳ ಬೆಲೆ ಬಿದ್ದಿದ್ದು ಅವು ಕೆಟ್ಟವು ಅಂತಲ್ಲ, ಅವುಗಳ ಕಾಲ ಮುಗಿಯಿತು ಅಂತ.

ಇಳಿಜಾರಿಗೆ ಬಂದಾಗ ಲೆಕ್ಕ ತಿರುಗಿತು, ಕಾರಣ ಫೋರ್ಕ್. ಕೆಳಗಿನ ಮಾಡೆಲ್ಲುಗಳ ಕಾಯಿಲ್ ಫೋರ್ಕಿನಲ್ಲಿರುವ ಸ್ಪ್ರಿಂಗ್ ಒಬ್ಬ ಸರಾಸರಿ ತೂಕದವರಿಗೆ ಅಂತ ಹಾಕಿದ್ದು. ನನ್ನ ತೂಕ ಅದಕ್ಕಿಂತ ಕಡಿಮೆ. ಫೋರ್ಕಿನ ಹೊಳೆಯುವ ಕೊಳವೆಗೆ ಒಂದು ಸಣ್ಣ ಪ್ಲಾಸ್ಟಿಕ್ ಜಿಪ್ ಟೈ ಕಟ್ಟಿ ಇಳಿದೆ. ಫೋರ್ಕ್ ಎಷ್ಟು ಕುಗ್ಗಿತೋ ಅಷ್ಟು ದೂರಕ್ಕೆ ಟೈ ಮೇಲೆ ಸರಿದು ಅಲ್ಲೇ ನಿಲ್ಲುತ್ತದೆ. 100 ಮಿಲಿಮೀಟರ್ ಕುಗ್ಗುತ್ತದೆ ಅಂತ ಸ್ಟಿಕ್ಕರ್ ಇರುವ 29 ಇಂಚಿನದರ ಫೋರ್ಕಿನಲ್ಲಿ ಟೈ ಅರ್ಧಕ್ಕೇ ನಿಂತಿತ್ತು. ಅಂದರೆ ನಾನು ಅರ್ಧ ಶಾಕನ್ನು ಬರೀ ಹೊತ್ತುಕೊಂಡು ತಿರುಗುತ್ತಿದ್ದೆ, ಅದೂ ಫೋರ್ಕಿನ ಸ್ಟೀಲ್ ಸ್ಪ್ರಿಂಗಿನ ಭಾರದ ಜೊತೆ. ಏರ್ ಫೋರ್ಕಿನಲ್ಲಿ ಈ ಸಮಸ್ಯೆಯೇ ಇಲ್ಲ. ಶಾಕ್ ಪಂಪ್ ಹಾಕಿ ನನ್ನ ತೂಕಕ್ಕೆ ತಕ್ಕ ಗಾಳಿ ತುಂಬಿದೆ, ಸುಮ್ಮನೆ ಕೂತಾಗ ಅದು ಒಟ್ಟು ಕುಗ್ಗಬಲ್ಲ ದೂರದ ಐದನೇ ಒಂದು ಭಾಗ ಕುಗ್ಗುವಷ್ಟು. ಅದೇ ಇಳಿಜಾರಿನಲ್ಲಿ ಟೈ ಹತ್ತಿರಹತ್ತಿರ ಮೇಲಿನ ತುದಿ ಮುಟ್ಟಿತು. ಕೈಗೆ ಗೊತ್ತಾಗುವ ವ್ಯತ್ಯಾಸ ಅಂದರೆ ಇದು. ಮುಂದಿನ ಚಕ್ರ ನೆಲಕ್ಕೆ ಅಂಟಿಕೊಂಡು ಹೋಗುತ್ತದೆ, ತಿರುಗಿಸಿದ ಕಡೆ ತಿರುಗುತ್ತದೆ.

ಹಾಗಂತ ಹಳೇ ಏರ್ ಫೋರ್ಕನ್ನು ಕಣ್ಣುಮುಚ್ಚಿ ತಗೊಳ್ಳಬೇಡಿ. ಈ ನಾಲ್ಕನೇ ಬಗೆಯಲ್ಲಿ ಎಲ್ಲ ನಿಂತಿರೋದು ಫೋರ್ಕಿನ ಮೇಲೆ. ಕೊಳವೆಗಳನ್ನು ಬಟ್ಟೆಯಿಂದ ಒರೆಸಿ ಉಗುರನ್ನು ಮೇಲಿಂದ ಕೆಳಗೆ ಎಳೆಯಿರಿ. ಕಣ್ಣಿಗೆ ಕಾಣುವ ಗೀರಿಗಿಂತ ಉಗುರಿಗೆ ಸಿಗುವ ಗೀರು ಮುಖ್ಯ, ಅದು ಎಣ್ಣೆ ತಡೆಯುವ ರಬ್ಬರ್ ಸೀಲನ್ನು ಕೊಯ್ಯುತ್ತಾ ಹೋಗುತ್ತದೆ, ಎಣ್ಣೆ ಹೊರಗೆ ಬರುತ್ತದೆ. ಆಮೇಲೆ ಮುಂದಿನ ಬ್ರೇಕ್ ಹಿಡಿದು ಹ್ಯಾಂಡಲನ್ನು ಜೋರಾಗಿ ಒತ್ತಿ ಬಿಡಿ. ಫೋರ್ಕಿನ ಕೆಳತುದಿಯಲ್ಲಿರುವ ರಿಬೌಂಡ್ ತಿರುಪನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ತಿರುಗಿಸಿ ಮತ್ತೆ ಒತ್ತಿ. ವಾಪಸ್ ಬರುವ ವೇಗ ಬದಲಾಗಬೇಕು. ಬದಲಾಗದಿದ್ದರೆ ಡ್ಯಾಂಪರ್ ಸತ್ತಿದೆ. ಇದರಲ್ಲಿ ರಾಜಿ ಬೇಡ, ಯಾಕಂದರೆ ಹೆಚ್ಚಿನ ಹಳೇ ಫ್ರೇಮುಗಳ ಹೆಡ್ ಟ್ಯೂಬ್ (ಫೋರ್ಕಿನ ಮೇಲಿನ ಕಂಬಿ ಕೂರುವ ಕೊಳವೆ) 1 1/8 ಇಂಚಿನ ನೇರ ಕಂಬಿಗೆ ಮಾಡಿದ್ದು, ಈಗಿನ ಒಳ್ಳೆ ಫೋರ್ಕುಗಳ ಕಂಬಿ ಬುಡದಲ್ಲಿ 1.5 ಇಂಚಿಗೆ ದಪ್ಪಗಾಗುತ್ತದೆ. ಅದು ಇದರೊಳಗೆ ಕೂರುವುದಿಲ್ಲ. 26 ಇಂಚಿಗೆ ಹೊಸ ಒಳ್ಳೆ ಫೋರ್ಕ್ ಸಿಗೋದೂ ಅಪರೂಪ. ಸೀಲ್, ಎಣ್ಣೆ ಬದಲಾಯಿಸುವಷ್ಟು ಕೆಲಸ ಇದ್ದರೆ ಪರವಾಗಿಲ್ಲ, ಅದು ಹೇಗೂ ಆಗಾಗ ಮಾಡಬೇಕಾದ ಕೆಲಸ.

ಗೇರಿನ ವಿಷಯದಲ್ಲಿ ಜನ ಎಣಿಕೆ ನೋಡುತ್ತಾರೆ. 21 ಗೇರ್, 27 ಗೇರ್. ನೋಡಬೇಕಾದ್ದು ಹಿಂದಿನ ಹಬ್ಬು, ಅಂದರೆ ಚಕ್ರದ ನಡುವಿನ ಗುಂಬ. ಕೆಳಗಿನ ಮಾಡೆಲ್ಲುಗಳಲ್ಲಿ, ಅದರಲ್ಲೂ 7 ಸ್ಪೀಡಿನವುಗಳಲ್ಲಿ, ಹಬ್ಬಿನ ಮೇಲೆ ತಿರುಪಿನಂತೆ ಕೂರುವ ಹಲ್ಲುಚಕ್ರಗಳ ಗೊಂಚಲು, ಅಂದರೆ ಫ್ರೀವೀಲ್ ಇರುತ್ತದೆ. ಅದರಲ್ಲಿ ಬಲಗಡೆಯ ಬೇರಿಂಗ್ ತುಂಬಾ ಒಳಗೆ ಇರುವುದರಿಂದ ಆಕ್ಸಲ್ಲಿನ ಉದ್ದ ಭಾಗಕ್ಕೆ ಆಸರೆ ಇಲ್ಲ, ಕಲ್ಲುದಾರಿಯಲ್ಲಿ ಹಾರಿಸಿದರೆ ಬಗ್ಗುತ್ತದೆ, ಕೆಲವೊಮ್ಮೆ ಮುರಿಯುತ್ತದೆ. ಹಲ್ಲುಚಕ್ರಗಳು ಮಾತ್ರ ಬಿಚ್ಚಿ ಬರುವ ಕ್ಯಾಸೆಟ್ ಹಬ್ಬಿನಲ್ಲಿ ಬೇರಿಂಗ್ ತುದಿಯ ಹತ್ತಿರ ಇರುತ್ತದೆ, ಗಟ್ಟಿ. ಗುರುತಿಸೋದು ಸುಲಭ: ಪೆಡಲ್ ಹಿಂದಕ್ಕೆ ತಿರುಗಿಸಿ, ಸಣ್ಣ ಹಲ್ಲುಚಕ್ರದ ಪಕ್ಕ ಟೂಲ್ ಕೂರುವ ಗೀಟುಗೀಟಿನ ಉಂಗುರ ನೋಡಿ. ಹಲ್ಲುಚಕ್ರಗಳ ಜೊತೆ ಅದೂ ತಿರುಗಿದರೆ ಕ್ಯಾಸೆಟ್, ಅದು ನಿಂತೇ ಇದ್ದರೆ ಫ್ರೀವೀಲ್. ನಾನು ನೋಡಿದ 29 ಇಂಚಿನದರಲ್ಲಿ ಇದ್ದದ್ದು ಫ್ರೀವೀಲ್. ಶಿಮಾನೊದ ಟೂರ್ನಿ, ಆಲ್ಟಸ್, ಅಸೆರಾ, ಅಲಿವಿಯೊ, ಡಿಯೋರ್ ಅಂತ ಸಾಲಿನಲ್ಲಿ ಮೇಲೆ ಹೋದಷ್ಟೂ ಗೇರ್ ಬೀಳುವುದು ಚೊಕ್ಕವಾಗುತ್ತದೆ, ಹಳೆಯ ಡಿಯೋರ್ ಸರಿಯಾಗಿ ಹೊಂದಿಸಿದರೆ ಹೊಸ ಟೂರ್ನಿಗಿಂತ ಎಷ್ಟೋ ವಾಸಿ.

ಆದರೆ ಹಳೆಯದು ಅಂದಮೇಲೆ ಚೈನ್ ಸವೆದೇ ಇರುತ್ತದೆ. ಇಂಚಿನ ಅಳತೆಪಟ್ಟಿ ಒಂದು ಜೇಬಿನಲ್ಲಿರಲಿ. ಚೈನಿನ ಪಿನ್ನಿಂದ ಪಿನ್ನಿಗೆ ಅರ್ಧ ಇಂಚು, ಹಾಗಾಗಿ ಹೊಸ ಚೈನಿನಲ್ಲಿ 24 ಕೊಂಡಿಗೆ ಸರಿಯಾಗಿ 12 ಇಂಚು. 1/16 ಇಂಚು ಜಾಸ್ತಿ ಬಂದರೆ ಚೈನ್ ಬದಲಿಸುವ ಹೊತ್ತು. 1/8 ಇಂಚು ಬಂದರೆ ಕ್ಯಾಸೆಟ್ಟೂ ಹೋಗಿದೆ ಅಂತಲೇ ಇಟ್ಟುಕೊಳ್ಳಿ, ಹೊಸ ಚೈನ್ ಹಾಕಿದರೂ ಹಳೇ ಹಲ್ಲಿನ ಮೇಲೆ ಜಾರುತ್ತದೆ. ಇದು ಸೈಕಲ್ ಬಿಟ್ಟುಬರುವ ಕಾರಣ ಅಲ್ಲ, ಬೆಲೆ ಇಳಿಸುವ ಕಾರಣ. 9 ಸ್ಪೀಡಿನ ಚೈನು, ಕ್ಯಾಸೆಟ್ಟು ಈಗಲೂ ಸಿಗುತ್ತವೆ, 11 ಅಥವಾ 12 ಸ್ಪೀಡಿನದಕ್ಕಿಂತ ಖರ್ಚೂ ಕಡಿಮೆ.

ಬ್ರೇಕ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ಹೈಡ್ರಾಲಿಕ್ ಇದ್ದರೆ ಲಿವರ್ ಒತ್ತಿ ಸ್ವಲ್ಪ ಹೊತ್ತು ಹಾಗೇ ಹಿಡಿಯಿರಿ, ಮೆಲ್ಲಗೆ ಹ್ಯಾಂಡಲ್ ಕಡೆ ಇಳಿಯುತ್ತಾ ಹೋದರೆ ಎಲ್ಲೋ ಸೋರುತ್ತಿದೆ. ತಂತಿಯ ಡಿಸ್ಕ್ ಬ್ರೇಕೂ ಕೆಲಸ ಮಾಡುತ್ತದೆ, ಆದರೆ ಉದ್ದ ಇಳಿಜಾರಿನಲ್ಲಿ ಎರಡು ಬೆರಳು ಬೇಕಾಯಿತು, ಹೈಡ್ರಾಲಿಕ್ಕಿಗೆ ಒಂದು ಸಾಕಾಯಿತು.

26 ಇಂಚಿನದರ ನಿಜವಾದ ಕೊರತೆ ಅಂದರೆ ಹ್ಯಾಂಡಲ್. ಆ ಕಾಲದಲ್ಲಿ ಉದ್ದ ಸ್ಟೆಮ್ (ಹ್ಯಾಂಡಲನ್ನು ಫೋರ್ಕಿಗೆ ಜೋಡಿಸುವ ತುಂಡು), ಕಿರಿದಾದ ಹ್ಯಾಂಡಲ್ ಹಾಕುತ್ತಿದ್ದರು, ಕಡಿದಾದ ಇಳಿಜಾರಿನಲ್ಲಿ ಮೈ ಮುಂದಕ್ಕೆ ಬಿದ್ದಂತೆ ಅನಿಸುತ್ತದೆ. 60 ಮಿಲಿಮೀಟರಿನ ಸ್ಟೆಮ್, 720 ಮಿಲಿಮೀಟರ್ ಅಗಲದ ಹ್ಯಾಂಡಲ್ ಹಾಕಿದ ಮೇಲೆ ಅದೇ ಸೈಕಲ್ ಬೇರೆಯೇ ಆಯಿತು. ಸ್ಟೆಮ್ ಹ್ಯಾಂಡಲನ್ನು ಹಿಡಿಯುವ ಜಾಗದ ದಪ್ಪ 31.8 ಮಿಲಿಮೀಟರ್ ಇದೆಯಾ ನೋಡಿ, 25.4 ಇದ್ದರೆ ಎರಡನ್ನೂ ಒಟ್ಟಿಗೇ ಬದಲಿಸಬೇಕಾಗುತ್ತದೆ. ಟೈರಿನ ಚಿಂತೆ ಸದ್ಯಕ್ಕಿಲ್ಲ, ಮೇಲೆ 559 ಅಂತ ಅಚ್ಚಾಗಿರುವುದು ಈ ಚಕ್ರಕ್ಕೆ ಆಗುತ್ತದೆ. 27.5 ಇಂಚಿನದಕ್ಕೆ 584, 29 ಇಂಚಿನದಕ್ಕೆ 622.

ಯಾರಿಗೆ ಯಾವುದು ಅಂದರೆ, ಕಲ್ಲುದಾರಿಗೆ ಹೋಗೋದು ಅಪರೂಪ, ದಿನಾ ಓಡಾಟಕ್ಕೂ ಬೇಕು ಅನ್ನುವವರಿಗೆ ಸ್ಟೀಲ್. ಎತ್ತರದವರು, 26 ಇಂಚಿನ ಫ್ರೇಮ್ ಯಾವುದೂ ಸರಿಹೊಂದದವರು 29ಕ್ಕೇ ಹೋಗಿ, ಆದರೆ ಕ್ಯಾಸೆಟ್ ಹಬ್ ಇರುವುದನ್ನೇ ಹುಡುಕಿ, ಸಿಗುವವರೆಗೆ ಕಾಯಿರಿ. ಅಳತೆ ಸರಿಯಿಲ್ಲದ ಸೈಕಲ್ ಎಷ್ಟು ಅಗ್ಗ ಆದರೂ ಬೇಡ. ಉಳಿದವರಿಗೆಲ್ಲ ನನ್ನ ಓಟು ಬಣ್ಣ ಹೋದ 26 ಇಂಚಿನದಕ್ಕೇ. ನಾನು ತಗೊಂಡಿದ್ದೂ ಅದನ್ನೇ. ಕೇಳಿದ ಬೆಲೆಯಲ್ಲಿ ಚೈನು, ಕ್ಯಾಸೆಟ್ಟು, ಫೋರ್ಕ್ ಸೀಲಿನ ಖರ್ಚು ಕಳೆದು ಕೊಟ್ಟೆ, ಮಾರಿದವರು ಅಳತೆಪಟ್ಟಿಯನ್ನು ತಾವೇ ನೋಡಿ ಒಪ್ಪಿದರು.

ಯಾವುದೇ ಆಗಲಿ, ದುಡ್ಡು ಕೊಡುವ ಮುಂಚೆ ಸೈಕಲ್ಲನ್ನು ತಲೆಕೆಳಗೆ ಮಾಡಿ, ಫ್ರೇಮಿನ ಮಣ್ಣು ಪೂರ್ತಿ ಒರೆಸಿ. ಹ್ಯಾಂಡಲ್ ಕೆಳಗಿನ ಬೆಸುಗೆ, ಪೆಡಲ್ ಕಂಬಿ ಹಾದುಹೋಗುವ ಕೊಳವೆಯ ಸುತ್ತಲಿನ ಬೆಸುಗೆ, ಸೀಟ್ ಕಂಬಿ ಒಳಗೆ ಹೋಗುವ ಬಾಯಿ, ಹಿಂದಿನ ಚಕ್ರ ಕೂರುವ ಜಾಗ, ಈ ನಾಲ್ಕು ಕಡೆ ಬಿರುಕು ಹುಡುಕಿ. ಬಣ್ಣದಲ್ಲಿ ಕೂದಲೆಳೆಯಷ್ಟು ಗೆರೆ ಕಂಡರೂ ಅಲ್ಯುಮಿನಿಯಂ ಫ್ರೇಮ್ ಆದರೆ ವಾಪಸ್ ಬನ್ನಿ. ಅದೇ ಹೊತ್ತಿಗೆ ಸಾಮಾನ್ಯವಾಗಿ ಆ ಪೆಡಲ್ ಕಂಬಿಯ ಕೊಳವೆಯ ಕೆಳಗೆ ಕೊರೆದಿರುವ ಫ್ರೇಮ್ ನಂಬರ್ ಓದಿ ಬರೆದುಕೊಳ್ಳಿ, ಬಿಲ್ ಇದ್ದರೆ ಅದರ ಜೊತೆ ತಾಳೆ ನೋಡಿ. ನಂಬರ್ ಉಜ್ಜಿಹಾಕಿದ್ದರೆ ಅದು ಕದ್ದ ಸೈಕಲ್ ಇರಬಹುದು, ಎಷ್ಟೇ ಅಗ್ಗವಾಗಿ ಕೊಟ್ಟರೂ ಮುಟ್ಟಬೇಡಿ.