ದಿನಪತ್ರಿಕೆ, ಮಾಸಿಕ ಸಂಕಲನ, ವಿಡಿಯೊ: ಪ್ರಚಲಿತ ವಿದ್ಯಮಾನದ ಓದಿಗೆ ಯಾವುದು ಎಲ್ಲಿ ಒದಗಿತು?

ಕರ್ನಾಟಕ ಆಡಳಿತ ಸೇವೆಯ (ಕೆಎಎಸ್) ಪೂರ್ವಭಾವಿ ಪರೀಕ್ಷೆಯ ಎರಡೂ ಪತ್ರಿಕೆಗಳಲ್ಲಿ ನೂರು ನೂರು ಪ್ರಶ್ನೆಗಳಿರುತ್ತವೆ. ಮೊದಲನೆಯದರಲ್ಲಿ ರಾಷ್ಟ್ರೀಯ ಮತ್ತು ಅಂತರರಾಷ್ಟ್ರೀಯ ಪ್ರಚಲಿತ ವಿದ್ಯಮಾನಕ್ಕೆ 40, ಎರಡನೆಯದರಲ್ಲಿ ರಾಜ್ಯದ ಪ್ರಚಲಿತ ವಿದ್ಯಮಾನ ಹಾಗೂ ಸರ್ಕಾರದ ಕಾರ್ಯಕ್ರಮಗಳಿಗೆ 40 ಪ್ರಶ್ನೆಗಳನ್ನು ಪಠ್ಯಕ್ರಮವೇ ಮೀಸಲಿಟ್ಟಿದೆ. ಇನ್ನೂರರಲ್ಲಿ ಎಂಬತ್ತು ಪ್ರಶ್ನೆಗಳು ಯಾವ ಪಠ್ಯಪುಸ್ತಕದಲ್ಲೂ ಸಿಗದ ಸಂಗತಿಗಳಿಂದ ಬರುವಾಗ, ಅವನ್ನು ಎಲ್ಲಿಂದ ಓದಬೇಕೆಂಬುದು ಸಣ್ಣ ಮಾತಲ್ಲ. ಮಂಡ್ಯದ ಮನೆಯಿಂದ ಮೈಸೂರಿನ ಕೆಲಸಕ್ಕೆ ದಿನವೂ ರೈಲಿನಲ್ಲಿ ಓಡಾಡುತ್ತ, 2023ರ ಜೂನ್‌ನಿಂದ ಸುಮಾರು ಒಂದೂವರೆ ವರ್ಷ ನಾನು ಮೂರು ದಾರಿಗಳನ್ನು ಒಂದಾದ ಮೇಲೊಂದರಂತೆ ಹಿಡಿದು ನೋಡಿದೆ. ಮೊದಲು ದಿನಪತ್ರಿಕೆ ಮತ್ತು ಕೈಬರಹದ ಟಿಪ್ಪಣಿ, ಬಳಿಕ ಸ್ಪರ್ಧಾತ್ಮಕ ಪರೀಕ್ಷೆಗಳ ಮಾಸಿಕ ಸಂಕಲನಗಳು, ಕೊನೆಯಲ್ಲಿ ಯೂಟ್ಯೂಬ್ ವಿಡಿಯೊಗಳು.

ಹೋಲಿಕೆಗೆ ಒಂದು ಅಳತೆಗೋಲು ಬೇಕಿತ್ತು. ಪ್ರತಿ ಭಾನುವಾರ ಬೆಳಿಗ್ಗೆ ಇಪ್ಪತ್ತೈದು ಬಹು ಆಯ್ಕೆಯ ಪ್ರಶ್ನೆಗಳನ್ನು ಬಿಡಿಸಿ, ತಪ್ಪು ಉತ್ತರಕ್ಕೆ ಕಾಲು ಭಾಗದಂತೆ ಅಂಕ ಕಳೆದುಕೊಂಡು, ನಂತರ ಆ ವಾರದ ಒಂದು ವಿಷಯದ ಮೇಲೆ ಯಾವ ಟಿಪ್ಪಣಿಯನ್ನೂ ತೆರೆಯದೆ ಒಂದು ದೀರ್ಘ ಉತ್ತರವನ್ನು ಬರೆಯುತ್ತಿದ್ದೆ. ಈ ಎರಡು ಕೆಲಸಗಳ ಫಲಿತಾಂಶ ಒಂದೇ ದಿಕ್ಕಿನಲ್ಲಿ ಹೋದದ್ದು ಅಪರೂಪ.

ದಿನಪತ್ರಿಕೆಯ ಏಳು ತಿಂಗಳು ಕಾವೇರಿ ಕಣಿವೆಯ ಬರಗಾಲದ ತಿಂಗಳುಗಳೂ ಆಗಿದ್ದವು. ಮನೆಗೆ ಒಂದು ಕನ್ನಡ ಪತ್ರಿಕೆ, ಒಂದು ಇಂಗ್ಲಿಷ್ ಪತ್ರಿಕೆ ಬರುತ್ತಿದ್ದವು. ಮೈಸೂರಿನ ‘ಆಂದೋಲನ’ವನ್ನು ನಿಲ್ದಾಣದ ಹತ್ತಿರದ ಟೀ ಅಂಗಡಿಯಲ್ಲಿ ಓದುತ್ತಿದ್ದೆ. ಬೆಳಗಿನ ರೈಲಿನಲ್ಲಿ ಪತ್ರಿಕೆಯನ್ನು ಪೂರ್ತಿ ಬಿಡಿಸಲು ಜಾಗವಿರುವುದಿಲ್ಲ. ಉದ್ದಕ್ಕೆ ನಾಲ್ಕು ಮಡಿಕೆ ಮಾಡಿ, ಒಂದೊಂದು ಕಾಲಂ ಹೊರಳಿಸಿ ಓದಬೇಕು. ಹಾಗೆ ಓದುತ್ತಿದ್ದಾಗ ಪಾಂಡವಪುರದಲ್ಲಿ ಹತ್ತಿದ ಹಿರಿಯರೊಬ್ಬರು ಪಕ್ಕದಲ್ಲಿ ಕುಳಿತು, ‘ನಾಲೆಗೆ ನೀರು ಬಿಡೋ ಸುದ್ದಿ ಏನಾದ್ರೂ ಹಾಕವ್ರಾ ನೋಡಪ್ಪ’ ಎಂದರು. ತಮಿಳುನಾಡಿಗೆ ನೀರು ಬಿಡಬೇಕೆಂಬ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರದ ಆದೇಶದ ಸುದ್ದಿಯನ್ನು ನಾನು ಓದಿ ಹೇಳಿದೆ. ‘ಐದು ಸಾವಿರ ಕ್ಯುಸೆಕ್ ಅಂದ್ರೆ ಎಷ್ಟಾಯ್ತದೆ?’ ಎಂಬ ಅವರ ಮುಂದಿನ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಆ ಸಂಜೆ ಲೆಕ್ಕ ಹಾಕಿದೆ: ಸೆಕೆಂಡಿಗೆ ಐದು ಸಾವಿರ ಘನ ಅಡಿಯಂತೆ ದಿನವಿಡೀ ಹರಿದರೆ 0.432 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ), ಹದಿನೈದು ದಿನಕ್ಕೆ ಸುಮಾರು ಆರೂವರೆ ಟಿಎಂಸಿ. ಕೆಆರ್‌ಎಸ್‌ನ ಒಟ್ಟು ಸಾಮರ್ಥ್ಯವೇ 49.45 ಟಿಎಂಸಿ. ಅಲ್ಲಿಯವರೆಗೆ ಬರಿಯ ಅಂಕಿಯಾಗಿದ್ದ ಸುದ್ದಿ, ಸರದಿಯಂತೆ ನಾಲೆಗೆ ನೀರು ಬಿಡುವ ಕಟ್ಟು ಪದ್ಧತಿಯಲ್ಲಿ ಕಾಯುವ ರೈತನಿಗೆ ಏನೆಂದು ಅರ್ಥವಾದದ್ದು ಆಗಲೇ.

ಸೆಪ್ಟೆಂಬರ್ 23ರ ಮಂಡ್ಯ ಬಂದ್, 26ರ ಬೆಂಗಳೂರು ಬಂದ್, 29ರ ಕರ್ನಾಟಕ ಬಂದ್, ಇವೆಲ್ಲವನ್ನೂ ದಿನಾಂಕ ಹಾಕಿ ಬರೆದುಕೊಳ್ಳುತ್ತ ಹೋದೆ. ಆದರೆ ಡಿಸೆಂಬರ್‌ನ ಒಂದು ಭಾನುವಾರ ಕಾವೇರಿ ವಿವಾದದ ಬಗ್ಗೆ ಉತ್ತರ ಬರೆದು ಮುಗಿಸಿ, ಅದನ್ನು ಟಿಪ್ಪಣಿಯೊಂದಿಗೆ ತಾಳೆ ನೋಡಲು ಕುಳಿತಾಗ, ಒಂದೇ ವಿಷಯ ನಾಲ್ಕು ನೋಟ್‌ಬುಕ್‌ಗಳಲ್ಲಿ, ಕ್ರಿಕೆಟ್ ವಿಶ್ವಕಪ್ ಮತ್ತು ಚಂದ್ರಯಾನದ ನಡುವೆ ಚದುರಿ ಬಿದ್ದಿತ್ತು. ಅದನ್ನು ಒಟ್ಟುಗೂಡಿಸಲು ಇಡೀ ದಿನ ಹಿಡಿಯಿತು. ದಿನಾಂಕದ ಪ್ರಕಾರ ಬರೆದದ್ದು ದಿನಚರಿಯಾಗಿತ್ತೇ ಹೊರತು ಟಿಪ್ಪಣಿಯಾಗಿರಲಿಲ್ಲ. ತಪ್ಪು ಪತ್ರಿಕೆಯದ್ದಲ್ಲ, ನನ್ನದು. ಆದರೂ ಈ ದಾರಿ ಹಿಡಿದವರಲ್ಲಿ ಹೆಚ್ಚಿನವರು ಇದೇ ಹಳ್ಳಕ್ಕೆ ಬೀಳುವುದನ್ನು ಕಂಡಿದ್ದೇನೆ. ಸಮಯದ ಖರ್ಚೂ ಕಡಿಮೆಯಲ್ಲ: ಓದು ಮತ್ತು ಬರಹ ಸೇರಿ ದಿನಕ್ಕೆ ಎರಡು ಗಂಟೆಗಿಂತ ಕಡಿಮೆಯಲ್ಲಿ ಎಂದೂ ಮುಗಿಯಲಿಲ್ಲ. ಅಷ್ಟಾದರೂ ಬಹು ಆಯ್ಕೆಯ ಪ್ರಶ್ನೆಗಳಲ್ಲಿ ನನ್ನ ಸಾಧನೆ ಸಾಧಾರಣವಾಗಿಯೇ ಉಳಿಯಿತು, ಏಕೆಂದರೆ ಕಾರಣ, ಪರಿಣಾಮ, ವಾದ, ಪ್ರತಿವಾದಗಳು ನೆನಪಿನಲ್ಲಿದ್ದರೂ ಯಾವ ಯೋಜನೆಗೆ ಯಾವ ಊರಿನಲ್ಲಿ ಚಾಲನೆ ದೊರೆಯಿತು ಎಂಬಂಥ ಸಂಗತಿಗಳು ಸೋರಿಹೋಗಿರುತ್ತಿದ್ದವು.

ಸಂಕಲನಗಳ ಬಲ ಇರುವುದು ಅಲ್ಲಿಯೇ. 2024ರ ಆರಂಭದಲ್ಲಿ ಪತ್ರಿಕೆಯ ಓದನ್ನು ಅರ್ಧ ಗಂಟೆಗೆ ಇಳಿಸಿ, ಮಾಸಿಕ ಸಂಕಲನ ಮತ್ತು ಟೆಲಿಗ್ರಾಂನಲ್ಲಿ ಹರಿದಾಡುವ ಪಿಡಿಎಫ್‌ಗಳನ್ನು ಹಿಡಿದೆ. ಐದು ಗ್ಯಾರಂಟಿ ಯೋಜನೆಗಳೆಲ್ಲ ಒಂದೇ ಪುಟದಲ್ಲಿ ಸಿಕ್ಕವು: ಶಕ್ತಿ 2023ರ ಜೂನ್ 11ರಂದು, ಗೃಹಲಕ್ಷ್ಮಿ ಆಗಸ್ಟ್ 30ರಂದು ಮೈಸೂರಿನಲ್ಲಿ, ಯುವನಿಧಿ 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆಗೊಂಡವು, ಮನೆಯ ಯಜಮಾನಿಗೆ ತಿಂಗಳಿಗೆ 2000 ರೂಪಾಯಿ, ನಿರುದ್ಯೋಗಿ ಪದವೀಧರರಿಗೆ 3000, ಡಿಪ್ಲೊಮಾ ಮುಗಿಸಿದವರಿಗೆ 1500. ಪತ್ರಿಕೆಯಿಂದ ಏಳು ತಿಂಗಳಲ್ಲಿ ಹೆಕ್ಕಿದ್ದನ್ನು ಇಲ್ಲಿ ಒಂದು ಗಂಟೆಯಲ್ಲಿ ಬಾಯಿಪಾಠ ಮಾಡಬಹುದಿತ್ತು. ಮೂರನೆಯ ವಾರದಿಂದಲೇ ಭಾನುವಾರದ ಅಂಕಗಳು ಏರಿದವು ಮತ್ತು ಇಳಿಯಲಿಲ್ಲ.

ಇಳಿದದ್ದು ದೀರ್ಘ ಉತ್ತರಗಳ ತೂಕ. ಮುಖ್ಯ ಪರೀಕ್ಷೆಯಲ್ಲಿ ಪ್ರಬಂಧಕ್ಕೆ 250 ಅಂಕ, ಸಾಮಾನ್ಯ ಅಧ್ಯಯನದ ನಾಲ್ಕು ಪತ್ರಿಕೆಗಳಿಗೆ ತಲಾ 250 ಅಂಕಗಳಿರುವಾಗ ಇದು ಸಣ್ಣ ಕೊರತೆಯಲ್ಲ. 2023ರ ಕೊನೆಯಲ್ಲಿ ನಮ್ಮ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಭ್ರೂಣಲಿಂಗ ಪತ್ತೆ ನಡೆಯುತ್ತಿದ್ದುದು ಬಯಲಾದಾಗ ಪತ್ರಿಕೆಗಳು ವಾರಗಟ್ಟಲೆ ಅದನ್ನು ಬೆನ್ನುಹತ್ತಿದ್ದವು. ಸ್ಕ್ಯಾನಿಂಗ್ ಯಂತ್ರ ಆಲೆಮನೆಯವರೆಗೆ ಬರಲು ಎಷ್ಟು ಕೈಗಳು ಬೇಕು, ತಪಾಸಣೆಯ ಅಧಿಕಾರ ಯಾರದು, ಹೆಣ್ಣು ಬೇಡವೆಂಬ ಒತ್ತಡ ಮನೆಯೊಳಗೆ ಎಲ್ಲಿಂದ ಹುಟ್ಟುತ್ತದೆ ಎಂಬುದೆಲ್ಲ ಆ ಕಾಲಂಗಳಲ್ಲಿ ಚರ್ಚೆಯಾಗಿತ್ತು. ಅದೇ ಅವಧಿಯ ಸಂಕಲನವನ್ನು ಹುಡುಕಿ ತೆಗೆದಾಗ ಕಂಡದ್ದು ಮೂರು ಸಾಲು: ಪಿಸಿಪಿಎನ್‌ಡಿಟಿ (ಭ್ರೂಣಲಿಂಗ ಪತ್ತೆ ನಿಷೇಧ) ಕಾಯ್ದೆ, 1994; ತಿದ್ದುಪಡಿ, 2003; ತನಿಖೆ ಸಿಐಡಿಗೆ. ಈ ಮೂರು ಸಾಲುಗಳಿಂದ ಒಂದು ಪ್ರಶ್ನೆಗೆ ಗುರುತು ಹಾಕಬಹುದು. ‘2011ರ ಜನಗಣತಿಯಲ್ಲಿ ರಾಜ್ಯದ ಲಿಂಗಾನುಪಾತ (ಸಾವಿರ ಗಂಡಿಗೆ ಹೆಣ್ಣಿನ ಸಂಖ್ಯೆ) 973 ಇದ್ದರೂ ಆರು ವರ್ಷದೊಳಗಿನ ಮಕ್ಕಳಲ್ಲಿ ಅದು 948 ಇರುವುದೇಕೆ’ ಎಂದು ಕೇಳಿದರೆ ಬರೆಯಲು ಏನೂ ಇರುವುದಿಲ್ಲ.

ಸಂಕಲನಗಳ ಬಗ್ಗೆ ಇನ್ನೊಂದು ದೂರೂ ಇದೆ. ನಾನು ನಂಬಿ ಓದಿದ ಒಂದು ಪಿಡಿಎಫ್‌ನಲ್ಲಿ ಕಾವೇರಿಯಲ್ಲಿ ಕರ್ನಾಟಕದ ಪಾಲು 270 ಟಿಎಂಸಿ ಎಂದಿತ್ತು. ಅದು 2007ರ ನ್ಯಾಯಮಂಡಳಿ ತೀರ್ಪಿನ ಅಂಕಿ. 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟ್ ಅದನ್ನು 284.75ಕ್ಕೆ ಏರಿಸಿದ್ದು, ಹೆಚ್ಚುವರಿ 14.75ರಲ್ಲಿ 4.75 ಟಿಎಂಸಿ ಬೆಂಗಳೂರಿನ ಕುಡಿಯುವ ನೀರಿಗೆಂದು ಹೇಳಿದ್ದು, ಆ ಪಿಡಿಎಫ್ ತಯಾರಿಸಿದವರ ಗಮನಕ್ಕೆ ಬಂದಿರಲಿಲ್ಲ. ಹಿಂದಿನ ತಿಂಗಳುಗಳಲ್ಲಿ ಪತ್ರಿಕೆ ಓದಿದ್ದರಿಂದ ತಪ್ಪು ಕಣ್ಣಿಗೆ ಬಿತ್ತು. ಮೊದಲ ದಿನದಿಂದಲೇ ಸಂಕಲನ ಹಿಡಿದವರಿಗೆ ಅದು ಕಾಣುವುದು ಕಷ್ಟ, ಅಷ್ಟೇ ಅಲ್ಲ, ಅದೇ ತಪ್ಪು ಇನ್ನೂ ಎರಡು ಪಿಡಿಎಫ್‌ಗಳಲ್ಲಿ ಅಕ್ಷರಶಃ ನಕಲಾಗಿರುವುದನ್ನು ಆಮೇಲೆ ಕಂಡೆ.

ವಿಡಿಯೊಗಳ ಬಗ್ಗೆ ಹೆಚ್ಚು ಹೇಳಲಾರೆ. ಎರಡು ತಿಂಗಳು ಸಂಜೆಯ ರೈಲಿನಲ್ಲಿ ಇಯರ್‌ಫೋನ್ ಹಾಕಿಕೊಂಡು ಕೇಳಿದೆ. ಕೇಳುವಾಗ ಎಲ್ಲವೂ ಅರ್ಥವಾಗುತ್ತಿತ್ತು, ಭಾನುವಾರ ಏನೂ ಉಳಿದಿರುತ್ತಿರಲಿಲ್ಲ. ಅರ್ಧ ಗಂಟೆಯ ವಿಡಿಯೊದಲ್ಲಿ ಐದು ನಿಮಿಷ ‘ಚಾನೆಲ್‌ಗೆ ಸಬ್‌ಸ್ಕ್ರೈಬ್ ಆಗಿ’ ಎಂಬುದಕ್ಕೇ ಹೋಗುತ್ತದೆ. ಹಣದುಬ್ಬರ, ರೆಪೊ ದರದಂಥ ಪರಿಕಲ್ಪನೆ ಅಕ್ಷರದಲ್ಲಿ ತಲೆಗೆ ಹತ್ತದಿದ್ದಾಗ ಒಂದು ಒಳ್ಳೆಯ ವಿಡಿಯೊ ಪ್ರಯೋಜನಕ್ಕೆ ಬಂದಿದೆ, ಅಷ್ಟೇ. ಅದಕ್ಕಿಂತ ಆಕಾಶವಾಣಿಯ ಬೆಳಗಿನ ಪ್ರದೇಶ ಸಮಾಚಾರವೇ ವಾಸಿ. ಹತ್ತು ನಿಮಿಷದಲ್ಲಿ ಮುಗಿಯುತ್ತದೆ, ಅದರ ಭಾಷೆಯೂ ಪರೀಕ್ಷೆಯ ಭಾಷೆಗೆ ಹತ್ತಿರ.

ಯಾವ ಗುಂಪಿಗೂ ಸೇರದ ಒಂದು ಆಕರ ಈ ಎಲ್ಲದರ ನಡುವೆ ನನಗೆ ತಡವಾಗಿ ದಕ್ಕಿತು: ಬಜೆಟ್ ಜೊತೆಗೆ ರಾಜ್ಯ ಸರ್ಕಾರ ಹೊರತರುವ ಕರ್ನಾಟಕ ಆರ್ಥಿಕ ಸಮೀಕ್ಷೆ. ಕನ್ನಡದಲ್ಲೇ ಸಿಗುತ್ತದೆ, ದಪ್ಪಗಿದೆ, ನೀರಸವಾಗಿಯೂ ಇದೆ. ಆದರೆ ಸಂಕಲನಗಳು ಅಂಕಿಗಳನ್ನು ಎತ್ತುವುದು ಅಲ್ಲಿಂದಲೇ ಆದ್ದರಿಂದ ಅನುಮಾನ ಬಂದಾಗ ಮೂಲವನ್ನೇ ತೆರೆಯುವುದು ಅಭ್ಯಾಸವಾಯಿತು.

ಈಗ ನಾನು ಅಂತರರಾಷ್ಟ್ರೀಯ ವಿಷಯ, ಪ್ರಶಸ್ತಿ, ನೇಮಕಾತಿ, ಕ್ರೀಡೆಗಳಿಗೆ ಸಂಕಲನವನ್ನಷ್ಟೇ ಓದುತ್ತೇನೆ. ಪತ್ರಿಕೆಯಲ್ಲಿ ಅವುಗಳ ಪುಟವನ್ನು ಮುಲಾಜಿಲ್ಲದೆ ತಿರುವಿಬಿಡುತ್ತೇನೆ. ನೀರು, ಕೃಷಿ, ಹೆಣ್ಣುಮಕ್ಕಳ ಸ್ಥಿತಿ, ಮೀಸಲಾತಿ, ಆರೋಗ್ಯ ಎಂಬ ಐದು ವಿಷಯಗಳಿಗೆ ಮಾತ್ರ ಪತ್ರಿಕೆಯಿಂದ ಬಿಡಿ ಹಾಳೆಗಳಲ್ಲಿ ಬರೆದು, ವಿಷಯಕ್ಕೊಂದು ರಟ್ಟಿನ ಫೈಲಿನಲ್ಲಿ ದಾರ ಕಟ್ಟಿ ಇಡುತ್ತೇನೆ. ಭ್ರೂಣಲಿಂಗ ಪತ್ತೆಯ ಹಾಳೆಯ ಎಡಬದಿಯಲ್ಲಿ ಸಂಕಲನದ ಆ ಮೂರು ಸಾಲುಗಳಿವೆ, ಬಲಬದಿಯಲ್ಲಿ ಪತ್ರಿಕೆಗಳಿಂದ ಹೆಕ್ಕಿದ ಕಾರಣಗಳಿವೆ. ಹಿಂಬದಿಯನ್ನು ಮೊಕದ್ದಮೆ ಮುಂದೇನಾಯಿತೆಂದು ಬರೆಯಲು ಖಾಲಿ ಬಿಟ್ಟಿದ್ದೇನೆ.